ಎರಡರಿಂದ ನಾಲ್ಕರವರೆಗಿನ ಮಹಾಪುರುಷ

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟಿನ ಗುಂಡಿ, ಜಿಪ್ಪು ಮಾರುವ ಹಂಪೇಶನ ಸರ್ವನಾಶಕ್ಕೆ ಕಾರಣವಾದದ್ದು ಒಂದು ವರದಿ. ಪೊಲೀಸರ ವರದಿಯಲ್ಲ, ರಕ್ತ ಪರೀಕ್ಷೆಯ ವರದಿಯೂ ಅಲ್ಲ. ಅವನು ಮೊಬೈಲಿನಲ್ಲಿ ಚೆಸ್ ಆಡುವ ಆ್ಯಪು, ಎರಡು ವರ್ಷದಲ್ಲಿ ಅವನಾಡಿದ ನಾಲ್ಕು ಸಾವಿರ ಆಟಗಳನ್ನು ಜಾಲಾಡಿ, ಭಾನುವಾರ ಬೆಳಗ್ಗೆ ಹಲ್ಲುಜ್ಜುವ ಹೊತ್ತಿಗೆ ಕಳಿಸಿತ್ತು: ‘ನಿಮ್ಮ ಆಟದ ಶೈಲಿ ಮತ್ತು ಸುಧಾರಣೆಗೆ ಸಲಹೆಗಳು’.

ಹಂಪೇಶನದು ಮೂರು ನಿಮಿಷದ ಆಟ. ಇಬ್ಬರಿಗೂ ತಲಾ ಮೂರು ನಿಮಿಷ, ಯಾರ ಗಡಿಯಾರ ಮೊದಲು ಸೊನ್ನೆಗೆ ಬಂತೋ ಅವನು ಸೋತ. ಹಂಪೇಶ ಎಷ್ಟು ವೇಗಿಯೆಂದರೆ ಎದುರಾಳಿ ಕಣ್ಣು ಮಿಟುಕಿಸುವುದರೊಳಗೆ ಇವನ ಎರಡು ಕುದುರೆ, ಒಂದು ಆನೆ ಸತ್ತು ಪಕ್ಕದಲ್ಲಿ ಬಿದ್ದಿರುತ್ತಿದ್ದವು. ಆದರೂ ಅವನ ರೇಟಿಂಗು ಸಾವಿರದ ಏಳುನೂರ ಹನ್ನೆರಡು! ರಕ್ತದೊತ್ತಡ ಬಿಟ್ಟರೆ ಅವನ ಜೀವನದಲ್ಲಿ ಮೇಲಕ್ಕೇರಿದ ಏಕೈಕ ಅಂಕಿ ಅದು. ಬೆಳಗೆದ್ದು ದೇವರ ಫೋಟೋ ನೋಡುವ ಮೊದಲು ಅದನ್ನು ನೋಡುತ್ತಿದ್ದ.

ವರದಿ ಇಂಗ್ಲಿಷಿನಲ್ಲಿತ್ತು. ಹಂಪೇಶನ ಇಂಗ್ಲಿಷು ಡಜನ್ನು, ಡಿಸ್ಕೌಂಟಿಗೆ ಮುಗಿಯುತ್ತಿತ್ತು. ಹೆಂಡತಿ ಸುಮಂಗಲಾ ಬಿ.ಕಾಂ. ಓದಿದವಳು.

“ಓದು ಸುಮಿ, ಏನಂತ ಹೊಗಳ್ಯಾರ ನೋಡು.”

ಸುಮಂಗಲಾ ಒಗ್ಗರಣೆಯ ಸೌಟು ಹಿಡಿದುಕೊಂಡೇ ಓದಿದಳು. “ಮೂರನೇ ನಡಿಗೇ ನಿಮ್ಮ ರಾಣಿ ಮನಿ ಬಿಟ್ಟು ಹೊರಡ್ತಾಳಂತ. ತಿರುಗಿ ಬಂದ ದಾಖಲಿ ಇಲ್ಲಂತ.”

“ಮುಂದ?”

“ಕುದುರಿ ಎಲ್ಲಿ ಬಿಟ್ಟೀನಿ ಅಂಬೋದು ನಿಮಗ ನೆನಪಿರಂಗಿಲ್ಲಂತ. ಕಡೀ ಮೂವತ್ತು ಸೆಕೆಂಡಿನಾಗ ಅವಸರ ಬಿದ್ದು ನಿಮ್ಮ ಕಾಯಿ ನೀವೇ ದಾನ ಮಾಡ್ತೀರಂತ. ಸಲಹೆ ಒಂದು: ಆಡೋಕ್ಕಿಂತ ಮೊದಲು ಬೋರ್ಡು ನೋಡ್ರಿ.”

“ಇಷ್ಟೇನಾ?”

“ಇಷ್ಟೇರಿ,” ಎಂದು ಸುಮಂಗಲಾ ಥಟ್ಟನೆ ಫೋನು ಮಗುಚಿಟ್ಟಳು. ಹಂಪೇಶ ಕಸಿದುಕೊಂಡು ನೋಡಿದ. ಕೆಳಗೆ ಒಂದು ಚಿತ್ರವಿತ್ತು. ದಿನದ ಎಲ್ಲ ತಾಸುಗಳಲ್ಲೂ ಅವನ ಆಟ ತಗ್ಗು ಬಿದ್ದ ರಸ್ತೆಯ ಹಾಗಿದ್ದರೆ, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಮಾತ್ರ ಬಳ್ಳಾರಿ ಗುಡ್ಡದಷ್ಟು ಎತ್ತರಕ್ಕೆ ಎದ್ದು ನಿಂತಿತ್ತು.

“ಇದನ್ನ ಓದು!”

ಸುಮಂಗಲಾ ಉಗುಳು ನುಂಗಿದಳು. “ಈ ಹೊತ್ತಿನಾಗ ನೀವು ಬ್ಯಾರೇನೇ ಮನಷಾ ಅಂತ. ಶಾಂತ ಅಂತ. ತಾಳ್ಮಿ ಭಾಳ ಅಂತ. ಎದುರಿನವರ ಉಸಿರು ಮೆಲ್ಲಕ ಕಟ್ಟಿಸ್ತೀರಂತ. ಸಲಹೆ: ಇದೇ ಹೊತ್ತಿನಾಗ ಅಷ್ಟೇ ಆಡ್ರಿ.”

ಹಂಪೇಶನ ಮೈಯಲ್ಲಿ ಕರೆಂಟು ಹರಿಯಿತು. ಯಾಕೆಂದರೆ ಎರಡರಿಂದ ನಾಲ್ಕರವರೆಗೆ ಅವನು ನಿದ್ದೆ ಮಾಡುತ್ತಿದ್ದ! ಕೋಟೆ ಗುಡ್ಡದ ಬಂಡೆಗಳೇ ನೆರಳು ಹುಡುಕಿಕೊಂಡು ಜರುಗುವಂಥ ಬಿಸಿಲಿನಲ್ಲಿ ಅಂಗಡಿ ಮುಚ್ಚಿ ಬಂದು, ಉಂಡು, ಕೂಲರ್ ಮುಂದೆ ಅಡ್ಡಾಗಿ, ಒಂದು ಆಟ ಶುರು ಮಾಡುತ್ತಿದ್ದ. ಐದನೇ ನಡೆಗೆ ರೆಪ್ಪೆ ಕೂಡುತ್ತಿತ್ತು. ನಾಲ್ಕಕ್ಕೆ ಎದ್ದು ನೋಡಿದರೆ ಆರು ಆಟ ಗೆದ್ದು ರೇಟಿಂಗು ಏರಿರುತ್ತಿತ್ತು. ನಿದ್ದೆಗಣ್ಣಿನಲ್ಲಿ ತನ್ನ ಕೈ ತಾನೇ ಆಡುತ್ತದೆಂಬ ಅನುಮಾನ ಅವನಿಗೆ ಮೊದಲಿನಿಂದಲೂ ಇತ್ತು. ಹೇಳಿದರೆ ಆಸ್ಪತ್ರೆಗೆ ಸೇರಿಸಿಯಾರೆಂದು ಬಾಯಿ ಬಿಟ್ಟಿರಲಿಲ್ಲ. ಈಗ ವಿಜ್ಞಾನವೇ ಸಹಿ ಹಾಕಿತ್ತು.

“ಸುಮೀ, ನಾನು ಎಚ್ಚರಿದ್ರ ಕತ್ತೆ, ಮಲಗಿದ್ರ ಕುದುರಿ!”

“ಮೊದಲನೇದು ಗೊತ್ತಿತ್ತು ಬಿಡ್ರಿ,” ಎಂದಳು ಸುಮಂಗಲಾ. ಅವಳ ದನಿ ಮಾತ್ರ ಯಾಕೋ ಒಣಗಿತ್ತು.

ಇಲ್ಲಿಗೇ ನಿಂತಿದ್ದರೆ ಕತೆಯಿಲ್ಲ. ಆದರೆ ಹಂಪೇಶನಿಗೊಬ್ಬ ಷಡ್ಡಕನಿದ್ದ: ಸುಮಂಗಲಾಳ ಅಕ್ಕನ ಗಂಡ, ಸಿರುಗುಪ್ಪದ ಅಕ್ಕಿ ಗಿರಣಿಯ ದೊಡ್ಡಬಸವರಾಜ. ಅವನೂ ಚೆಸ್ ಆಡುತ್ತಿದ್ದ. ಬಂಧುಬಳಗದ ಪ್ರತಿ ಊಟದ ಪಂಕ್ತಿಯಲ್ಲೂ ಹಂಪೇಶನನ್ನು “ಏನಲೇ ಗುಂಡಿ” ಎಂದೇ ಕರೆಯುತ್ತಿದ್ದ. ಅವತ್ತು ಇಬ್ಬರು ಅಳಿಯಂದಿರಿಗೂ ಕುರುಗೋಡಿನ ಅತ್ತೆ ಮನೆಯಲ್ಲಿ ಊಟವಿತ್ತು. ಹಂಪೇಶ ಹಲ್ಲಿನ ನೊರೆ ಉಗುಳದೆ ಅವನಿಗೆ ಫೋನು ಹಚ್ಚಿದ.

“ಅಣ್ಣಾ, ಇವತ್ತು ಒಂದೇ ಆಟ. ಸೋತವರು ಅತ್ತಿ ಮುಂದ ಅಕೌಂಟು ಅಳಸಬೇಕು. ಜನ್ಮದಾಗ ಮತ್ತ ಚೆಸ್ ಮುಟ್ಟಬಾರ್ದು.”

“ಕುಡದೀಯೇನಲೇ ಗುಂಡಿ, ಬೆಳಬೆಳಗ್ಗೆ?”

“ಮಧ್ಯಾಹ್ನ ಎರಡೂವರಿಗೆ. ಊಟ ಆದ ಮ್ಯಾಲೆ. ಧಮ್ ಐತೇನು?”

“ಬಾರಲೇ,” ಎಂದ ದೊಡ್ಡಬಸವರಾಜ. ಹಂಪೇಶ ಫೋನು ಇಟ್ಟು ತಿರುಗುವುದರೊಳಗೆ ಸುಮಂಗಲಾ ಗೋಡೆ ಹಾರಿ ಪಕ್ಕದ ಮನೆ ಸೇರಿದ್ದಳು.

ಐದು ನಿಮಿಷದಲ್ಲಿ ಪಕ್ಕದ ಮನೆಯ ಯಂಕಮ್ಮ, ಎದುರು ಮನೆಯ ವಿರೂಪಮ್ಮ ಇಬ್ಬರೂ ಹಾಜರು. ಯಂಕಮ್ಮ ಓಣಿಯ ಮೂರು ಜಗಳಗಳನ್ನು ಏಕಕಾಲಕ್ಕೆ ನಡೆಸಿ ಮೂರರಲ್ಲೂ ಗೆದ್ದ ಹಿರಿಯಳು. ವಿರೂಪಮ್ಮ ಮನೆಯಲ್ಲೇ ಕೂತು ಜೀನ್ಸಿನ ಜೇಬು ಹೊಲಿಯುವವಳು, ಆಕೆಯ ಬೆರಳು ಓಡುವುದನ್ನು ನೋಡಿದರೆ ಹೊಲಿಗೆ ಯಂತ್ರಕ್ಕೇ ಏದುಸಿರು ಬರುತ್ತಿತ್ತು. ಇಬ್ಬರೂ ದಿನಾ ಮಧ್ಯಾಹ್ನ ಕೂಲರ್ ಗಾಳಿಗೆಂದು ಹಂಪೇಶನ ಮನೆಗೆ ಬರುತ್ತಿದ್ದುದರಿಂದ ಮನೆಯವರೇ ಆಗಿಬಿಟ್ಟಿದ್ದರು.

“ತಮ್ಮಾ, ಅಕೌಂಟು ಪಣಕ್ಕ ಇಟ್ಟೀಯಂತಲ್ಲೋ?” ಯಂಕಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು. “ಬಂಗಾರ ಇಟ್ಟಿದ್ರ ಬಿಡಿಸ್ಕೋಬೌದಿತ್ತು. ಇದನ್ನ ಹೆಂಗ ಬಿಡಿಸ್ತಿ?”

“ಹೆದರಬ್ಯಾಡ್ರಿ ದೊಡ್ಡವ್ವಾ. ಎರಡರಿಂದ ನಾಲ್ಕು ನಾನು ಮನುಷ್ಯನೇ ಅಲ್ಲ.”

ಮೂವರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡುಗೆಮನೆಯಲ್ಲಿ ಗುಸುಗುಸು ನಡೆಯಿತು. ಹೊರಬಂದ ಯಂಕಮ್ಮ, “ಕುರುಗೋಡು ಬಸವಣ್ಣನ ದರ್ಶನ ಮಾಡಿ ಭಾಳ ದಿನ ಆತು. ನಾವೂ ಬರ್ತೀವಿ,” ಎಂದಳು.

ಕುರುಗೋಡಿನ ಬಸ್ಸಿನಲ್ಲಿ ಸೀಟು ಸಿಕ್ಕರೂ ಹಂಪೇಶ ಕೂರಲಿಲ್ಲ. ಕೂತರೆ ನಿದ್ದೆ ಬರುತ್ತದೆ, ಬಂದರೆ ಖರ್ಚಾಗುತ್ತದೆ, ಎರಡೂವರೆಗೆ ಉಳಿಯುವುದಿಲ್ಲ. ನಿದ್ದೆಯನ್ನು ಜೋಪಾನ ಮಾಡಲು ಕಂಬ ಹಿಡಿದು ನಿಂತು, ಹೊತ್ತು ಹೋಗಲೆಂದು ಒಂದು ಆಟ ಆಡಿದ. ಮೂರನೇ ನಡೆಗೆ ರಾಣಿ ಹೊರಟಳು. ಏಳನೇ ನಡೆಗೆ ಆಟ ಮುಗಿಯಿತು.

“ಎಂಟು ಹೋತಲ್ಲೋ ಹಾಳಾದವನೇ!” ಯಂಕಮ್ಮ ಹಿಂದಿನ ಸೀಟಿನಿಂದ ಚೀರಿದಳು. “ಸಾವಿರದ ಏಳುನೂರ ನಾಕು ಆತು! ಯಾಕ ಮುಟ್ಟಿದಿ ಅದನ್ನ?”

ತನ್ನ ರೇಟಿಂಗನ್ನು ಓಣಿಯ ಹಿರಿಯಳು ಬಾಯಿಪಾಠ ಮಾಡಿಕೊಂಡಿದ್ದಾಳಲ್ಲ ಎಂದು ಹಂಪೇಶನ ಕಣ್ಣು ತುಂಬಿ ಬಂತು. ಇಂಥ ನೆರೆಹೊರೆ ಯಾರಿಗುಂಟು!

ಅತ್ತೆ ಅಕ್ಕನಾಗಮ್ಮನಿಗೆ ಅವನು ಮೊದಲೇ ಫೋನು ಮಾಡಿ ಗಸಗಸೆ ಪಾಯಸ ಮಾಡಿಸಿದ್ದ. ಗಸಗಸೆ ಪಾಯಸ ಒಂದು ಲೋಟ ಕುಡಿದವನು ಜಗಲಿ ಹುಡುಕುತ್ತಾನೆ, ಎರಡು ಕುಡಿದವನು ನಿಂತಲ್ಲೇ ವಾಲುತ್ತಾನೆ. ಹಂಪೇಶ ಮೂರು ಕುಡಿದ. ನಾಲ್ಕನೆಯದನ್ನು ಯಂಕಮ್ಮ ಬಗ್ಗಿಸಿದಳು.

“ಕುಡಿ ತಮ್ಮಾ. ಚಂದಾಗಿ ನಿದ್ದಿ ಮಾಡು.”

ಐದನೆಯದನ್ನು ವಿರೂಪಮ್ಮ ಬಗ್ಗಿಸಿದಳು. “ನೀವು ಮಲಗಿದ್ರ ಸಾಕ್ರಿ, ಮುಂದಿಂದು ಬಸವಣ್ಣ ನೋಡ್ಕೊಂತಾನ.”

ಎರಡೂವರೆಗೆ ಪಡಸಾಲೆಯಲ್ಲಿ ಎದುರುಬದುರು ಎರಡು ಕುರ್ಚಿ ಹಾಕಿದರು. ಇಬ್ಬರ ಕೈಯಲ್ಲೂ ಅವರವರ ಫೋನು. ಹಂಪೇಶನ ಕುರ್ಚಿಯ ಹಿಂದೆ ಮೂವರು ಹೆಂಗಸರೂ ಅಂಗರಕ್ಷಕರ ಹಾಗೆ ಸಾಲಾಗಿ ನಿಂತರು. ಸುಮಂಗಲಾಳ ಕೈಯಲ್ಲಿ ಬೀಸಣಿಗೆ.

“ಇವರ್ಯಾಕ ಇಲ್ಲಿ?” ದೊಡ್ಡಬಸವರಾಜ ಕೇಳಿದ.

“ಅವರಿಗೆ ಗಾಳಿ ಹಾಕ್ತೀನ್ರಿ ಮಾಮಾ. ಸೆಕಿ ಭಾಳ ಐತಿ.”

“ಗಾಳಿ ನಾ ಕೊಡಸ್ತೀನಿ,” ಎಂದ ದೊಡ್ಡಬಸವರಾಜ ಎದ್ದುಹೋಗಿ ಮೂಲೆಯ ಟೇಬಲ್ ಫ್ಯಾನನ್ನು ಹಂಪೇಶನ ಮೂಗಿಗೇ ತಿರುಗಿಸಿದ. “ನೀವು ಮೂವರೂ ಅಡಗಿಮನಿ ಬಾಗಲ ದಾಟಿ ಈಚೆ ಬರಂಗಿಲ್ಲ. ಅತ್ತೀ, ನೋಡ್ರಿ.”

“ಆಟ ಅಂದ್ರ ಆಟ,” ಎಂದು ಅಕ್ಕನಾಗಮ್ಮ ಮೂವರನ್ನೂ ಅಡುಗೆಮನೆಯ ಹೊಸ್ತಿಲ ಆಚೆಗೆ ನೂಕಿದಳು. ಯಂಕಮ್ಮನ ಮುಖ ನೀರಿಳಿದ ಗಡಿಗೆಯಂತಾಯಿತು.

ಆಟ ಶುರುವಾಯಿತು. ಹಂಪೇಶ ಒಂದು, ಎರಡು, ಮೂರು, ನಾಲ್ಕು ನಡೆ ನಡೆದ. ಐದನೇ ನಡೆಗೆ ಗಸಗಸೆ ತಲೆಗೇರಿತು. ರೆಪ್ಪೆಗಳು ಅಂಗಡಿಯ ಶಟರಿನ ಹಾಗೆ ಗರ್ರನೆ ಇಳಿದವು. ಇಳಿಯುವ ಮೊದಲು ಎದುರಾಳಿಯ ಕಡೆ ನೋಡಿ ಕರುಣೆಯಿಂದ ನಕ್ಕ. ಪಾಪ, ಇವನಿಗೇನು ಗೊತ್ತು, ಈಗ ಬರುವವನು ಯಾರೆಂದು!

ಬಂದದ್ದು ಗೊರಕೆ. ಆ ಗೊರಕೆಗೆ ರೂಪನಗುಡಿಯಲ್ಲಿ ಹೊಲ ಉಳುತ್ತಿದ್ದ ಟ್ರ್ಯಾಕ್ಟರು ನಾಚಿ ನಿಂತಿತೆಂದು ಆಮೇಲೆ ಸುದ್ದಿಯಾಯಿತು. ಗಡಿಯಾರ ಓಡುತ್ತಿತ್ತು: ಎರಡು ನಿಮಿಷ ಹತ್ತು ಸೆಕೆಂಡು, ಒಂದು ನಿಮಿಷ ನಲವತ್ತು. ಹಂಪೇಶನ ಕೈ ತೊಡೆಯ ಮೇಲೆ ಸತ್ತ ಹಲ್ಲಿಯ ಹಾಗೆ ಬಿದ್ದಿತ್ತು.

ಅಡುಗೆಮನೆಯಲ್ಲಿ ಒಂದು ತಟ್ಟೆ ಬಿತ್ತು. ಮತ್ತೊಂದು ಬಿತ್ತು. ವಿರೂಪಮ್ಮ ಕ್ಷಯ ಬಂದವರ ಹಾಗೆ ಕೆಮ್ಮಿದಳು. ಯಂಕಮ್ಮ, “ಬೆಂಕಿ! ಬೆಂಕಿ!” ಎಂದು ಕೂಗಿ, “ಎಲ್ಲಿ?” ಎಂದು ಅಕ್ಕನಾಗಮ್ಮ ಕೇಳಿದಾಗ, “ಒಲಿಯಾಗ್ರಿ,” ಎಂದಳು. ಹಂಪೇಶ ನಿದ್ದೆಯಲ್ಲೇ ಮುಗುಳ್ನಕ್ಕ. ಕನಸಿನಲ್ಲಿ ಅವನ ಆನೆಗಳು ಸಿರುಗುಪ್ಪದ ಗಿರಣಿಯನ್ನು ತುಳಿದು ಬತ್ತ ಬಡಿಯುತ್ತಿದ್ದವು.

ಹತ್ತು, ಐದು, ಸೊನ್ನೆ.

ದೊಡ್ಡಬಸವರಾಜ ಭುಜ ಅಲುಗಿಸಿದಾಗ ಹಂಪೇಶ ಕಣ್ಣು ಬಿಟ್ಟು, ಎದ್ದು ನಿಂತು, ದೊಡ್ಡ ಮನಸ್ಸಿನಿಂದ ಕೈ ಚಾಚಿದ. “ಬ್ಯಾಸರ ಮಾಡ್ಕೋಬ್ಯಾಡ ಅಣ್ಣಾ. ನೀನೂ ಚಲೋನೇ ಆಡಿದಿ.”

“ನಾ ಎಲ್ಲಿ ಆಡೀನಲೇ! ಐದು ನಡಿ ನಡದು ಕುಂತೀನಿ. ನಿನ್ನ ಟೈಮು ಮುಗದೈತಿ ನೋಡು.”

ಹಂಪೇಶ ಫೋನು ನೋಡಿದ. ತನ್ನ ಬಲಗೈ ನೋಡಿದ. ದಿನಾ ತಾನೇ ಆಡುವ ಕೈ ಇವತ್ತು ಯಾಕೆ ಕೈಕೊಟ್ಟಿತು? ಕುರ್ಚಿ ಹೊಸದೆಂದೇ? ಕೂಲರ್ ಇಲ್ಲವೆಂದೇ? ಏನೇ ಆಗಲಿ, ಮಾತು ಮಾತ್ರ ಮಾತೇ. ಅತ್ತೆಯ ಎದುರು ನಿಂತು ಅಕೌಂಟು ಅಳಿಸುವ ಗುಂಡಿ ಒತ್ತಿದ. ಆ್ಯಪು ಒಳ್ಳೆಯ ಸೋದರಮಾವನ ಹಾಗೆ ಖಚಿತವೇ ಎಂದು ಎರಡು ಸಲ ಕೇಳಿತು. ಎರಡು ಸಲವೂ ಹೌದೆಂದ. ಸಾವಿರದ ಏಳುನೂರರ ಆಸುಪಾಸಿನ ಅಂಕಿ ಪರದೆಯಿಂದ ಅಳಿದುಹೋಯಿತು.

ಅಡುಗೆಮನೆಯಿಂದ ಎದ್ದ ಗೋಳು ಕುರುಗೋಡಿನ ಗುಡ್ಡಕ್ಕೆ ಬಡಿದು ವಾಪಸ್ಸು ಬಂತು. ಯಂಕಮ್ಮ ಹಣೆ ಬಡಿದುಕೊಂಡಳು, ವಿರೂಪಮ್ಮ ಬಿಕ್ಕಿದಳು, ಸುಮಂಗಲಾ ಬಾಗಿಲಿಗೆ ಒರಗಿ ಕುಸಿದಳು.

ಹಂಪೇಶ ಅಡುಗೆಮನೆಯ ಹೊಸ್ತಿಲಿಗೆ ಹೋದ. “ಅಳಬ್ಯಾಡ್ರಿ ದೊಡ್ಡವ್ವಾ. ನನ್ನ ಸಲುವಾಗಿ ಇಷ್ಟೊಂದು...”

“ನಿನ್ನ ಸಲುವಾಗಿ ಯಾರೋ ಅಳಾಕ ಹತ್ಯಾರ?” ಯಂಕಮ್ಮ ಸೆರಗು ಸೊಂಟಕ್ಕೆ ಬಿಗಿದು ಈಚೆ ಬಂದಳು. “ಒಂದೂವರಿ ವರ್ಷ ನಿನ್ನ ಕೂಲರ್ ಮುಂದ ಕುಂತು ಬೆವರು ಸುರಿಸಿ ಏರಿಸಿದವರು ನಾವು! ಮಧ್ಯಾಹ್ನ ನಾವು ಐವತ್ತು ಏರಿಸಿದ್ರ ಸಂಜೀಕ ನೀ ನಲವತ್ತು ಇಳಸ್ತಿದ್ದಿ. ಅದನ್ನೂ ಹೊಟ್ಟಿಗೆ ಹಾಕ್ಕೊಂಡಿದ್ವಿ. ಈಗ ಪೂರ್ತಿ ಮಣ್ಣು ಮಾಡಿದಿಯಲ್ಲೋ!”

ಹಂಪೇಶ ಹೆಂಡತಿಯ ಕಡೆ ತಿರುಗಿದ.

“ಮೊದಲನೇ ದಿನ ನೀವು ಆಟದ ನಡುವ ಮಲಗಿಬಿಟ್ರಿ,” ಸುಮಂಗಲಾ ನೆಲ ನೋಡುತ್ತ ಹೇಳಿದಳು. “ಸೋತು ಎದ್ರ ಸಂಜೀತನ ಮುಖ ಊದಿಸ್ಕೊಂಡು ಕುಂದರ್ತೀರಿ ಅಂತ ನಾನೇ ಮುಗಿಸಿದೆ. ಗೆದ್ದೆ. ಮರುದಿನ ದೊಡ್ಡವ್ವನೂ ಕುಂತ್ರು. ನಾ ರೂಲು ಹೇಳ್ತೀನಿ, ದೊಡ್ಡವ್ವ ಕಿತಾಪತಿ ಹೇಳ್ತಾರ, ವಿರೂಪಮ್ಮ ಬೆರಳು ಓಡಸ್ತಾರ. ಇವತ್ತೂ ನೀವು ಮಲಗಿದ ಕೂಡಲೇ ಫೋನು ತಗೊಳ್ಳಾಕ ಅಂತನೇ ಹಿಂದ ನಿಂತಿದ್ವಿ.”

ದೊಡ್ಡಬಸವರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತ ನಗುತ್ತ ಅವನ ನಗು ಅರ್ಧಕ್ಕೆ ನಿಂತಿತು. “ಹಂಗಾರ... ಹೋದ ಯುಗಾದಿಯಿಂದ ಮಧ್ಯಾಹ್ನದಾಗ ನನ್ನ ಹದಿನಾಲ್ಕು ಸಲ ಸೋಲಿಸಿದ್ದು?”

“ನಾವೇರಿ,” ಎಂದಳು ವಿರೂಪಮ್ಮ ಮೂಗು ಒರೆಸುತ್ತ. “ನಿಮ್ಮ ಒಂಟೆ ಭಾಳ ಮಂದ ಐತ್ರಿ.”

ಹಂಪೇಶನಿಗೆ ಕತ್ತಲಲ್ಲೊಂದು ಕಿಂಡಿ ಕಂಡಿತು. “ಅತ್ತೀ, ಅಕೌಂಟು ನನ್ನದೇ ಅಲ್ಲಂದ ಮ್ಯಾಲೆ ಪಣ ಎಲ್ಲಿ ನಿಲ್ತೈತಿ? ಆಟ ರದ್ದು ಮಾಡ್ರಿ.”

ಅಕ್ಕನಾಗಮ್ಮ ಎಲೆ ಅಡಿಕೆ ಅಗಿಯುತ್ತ ತೀರ್ಪು ಕೊಟ್ಟಳು. “ಪಣ ಕಟ್ಟಿದವರು ಅಳಿಯಂದಿರು, ಸೋತವರು ಅಳಿಯಂದಿರು: ಒಬ್ರು ಇವತ್ತು, ಇನ್ನೊಬ್ರು ಹದಿನಾಲ್ಕು ಸಲ. ಇನ್ನ ನೀವಿಬ್ರೂ ಚೆಸ್ ಮುಟ್ಟಂಗಿಲ್ಲ. ಈ ಹೆಣ್ಮಕ್ಕಳು ಏನೂ ಪಣ ಕಟ್ಟಿಲ್ಲ, ಅವರು ಆಡ್ಲಿ. ಸುಮೀ, ನಿನ್ನ ಗಂಡನ ಫೋನು ನೀ ಇಟ್ಕೋ.”

ಸಂಜೆಯ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿ ಕೂತು ಹಂಪೇಶನ ಫೋನಿನಲ್ಲಿ ಹೊಸ ಅಕೌಂಟು ತೆರೆದರು. ಬಳ್ಳಾರಿ ಇನ್ನೂ ಹತ್ತು ಮೈಲಿ ದೂರವಿರುವಾಗಲೇ ಒಂಬತ್ತು ಆಟ ಗೆದ್ದಿದ್ದರು. ಹತ್ತನೆಯದು ಬಿಗಿಯಾಯಿತು. ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು, ಕಂಡಕ್ಟರು ಟಿಕೆಟು ಹರಿಯುವುದು ಬಿಟ್ಟು ಬಗ್ಗಿ ನಿಂತಿದ್ದ. ಎರಡು ಸೀಟು ಹಿಂದೆ ಕೂತ ಹಂಪೇಶ ಕತ್ತು ಚಾಚಿ ನೋಡಿದ. ಎಂಥ ಸುಲಭದ ದಾರಿ! ಇವರಿಗೆ ಕಾಣುತ್ತಲೇ ಇಲ್ಲ! ತಡೆಯಲಾಗಲಿಲ್ಲ. ಮುಟ್ಟಬಾರದೆಂದರೇ ಹೊರತು ಮಾತಾಡಬಾರದೆಂದು ಯಾರೂ ಅಂದಿರಲಿಲ್ಲ.

“ರಾಣಿ ಬಿಡ್ರಿ! ರಾಣಿ ಮುಂದಕ್ಕ ಬಿಡ್ರಿ!” ಎಂದು ಕೂಗಿದ.

ಗಾಬರಿಯಲ್ಲಿ ವಿರೂಪಮ್ಮನ ಬೆರಳು ಹಾಗೇ ಓಡಿತು. ರಾಣಿ ಹೊರಟಳು. ಎದುರಾಳಿಯ ಕುದುರೆಯೊಂದು ಅವಳನ್ನು ನೆಗೆದು ನುಂಗಿತು.

ಇಡೀ ಬಸ್ಸು ಅವನ ಕಡೆ ತಿರುಗಿತು. ಮೂವರು ಹೆಂಗಸರು ಬಾಯಿ ತೆರೆಯುವ ಮೊದಲೇ ಕಂಡಕ್ಟರು ಕೈ ಮುಗಿದ.

“ಯಜಮಾನ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಮಲಕ್ಕೋರಿ!”

ಹಂಪೇಶ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ. ಐದು ಲೋಟ ಗಸಗಸೆ ಪಾಯಸ ಕುಡಿದಿದ್ದವನಿಗೆ ಬಳ್ಳಾರಿ ಬರುವವರೆಗೂ ಒಂದು ಚೂರು ನಿದ್ದೆ ಹತ್ತಲಿಲ್ಲ.