ಗಂಡನ ಹೆಸರು ಕೇಳಿದ ಕ್ರೆಡಿಟ್ ಕಾರ್ಡು

ಗುಟ್ಟು ಕಾಯುವುದನ್ನು ನನಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ನಮ್ಮ ಕಾಲದ ಹೆಣ್ಣುಮಕ್ಕಳು ಹುಟ್ಟಿದ್ದೇ ಅದಕ್ಕೆ. ತವರಿನ ಮಾತು ಗಂಡನ ಮನೆಯಲ್ಲಿ ಆಡಬಾರದು, ಗಂಡನ ಮನೆಯ ಮಾತು ತವರಿನಲ್ಲಿ ಆಡಬಾರದು. ಎರಡೂ ಕಡೆ ಆಡದೆ ಉಳಿದ ಮಾತುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡೇ ನಾನು ಈ ಗಾತ್ರಕ್ಕೆ ಬಂದಿದ್ದೇನೆಂದು ನನ್ನ ಗುಮಾನಿ. ನಮ್ಮ ಫಿಜಿಶಿಯನ್ ಥೈರಾಯ್ಡ್ ಅನ್ನುತ್ತಾರೆ. ಇಂಥವಳಿಗೆ ಬ್ಯಾಂಕಿನವರು ಮೇಲಿಂದ ಮೇಲೆ ಮೆಸೇಜು ಕಳಿಸಿ, ಪಿನ್ ಯಾರಿಗೂ ಹೇಳಬೇಡಿ, ಓಟಿಪಿ ಯಾರಿಗೂ ಹೇಳಬೇಡಿ, ಕಾರ್ಡಿನ ಬೆನ್ನ ಮೇಲಿರುವ ಮೂರಂಕಿ ಯಾರಿಗೂ ಹೇಳಬೇಡಿ ಎಂದು ಬುದ್ಧಿ ಹೇಳುತ್ತಾರೆ. ಓದಿದಾಗಲೆಲ್ಲ ನಗು ಬರುತ್ತಿತ್ತು. ಅಯ್ಯಾ, ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಗಂಡನ ಹೆಸರನ್ನೇ ಬಾಯಿಬಿಟ್ಟು ಯಾರಿಗೂ ಹೇಳಿದವಳಲ್ಲ. ನಿಮ್ಮ ಮೂರಂಕಿ ಯಾವ ದೊಡ್ಡದು!

ಇದನ್ನು ಕೇಳಿ ಈಗಿನವರು ಹುಬ್ಬೇರಿಸುತ್ತಾರೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು, ಕೊಪ್ಪಳದ ಅರ್ಧ ಊರಿಗೆ ಇಂಗ್ಲಿಷ್ ಗ್ರಾಮರ್ ಕಲಿಸಿದವಳು, ಇವಳಿಗೇನು ಬಂತು ಎಂದು. ನಾನೂ ಮದುವೆಗೆ ಮುಂಚೆ ಹಾಗೆಯೇ ಅಂದುಕೊಂಡಿದ್ದೆ. ನಮ್ಮ ಸಿಸ್ಟರ್‌ಗಳು ಎದ್ದು ನಿಂತು, ಎದೆ ಸೆಟೆಸಿ, ಕೊನೆಯ ಬೆಂಚಿಗೂ ಕೇಳುವಂತೆ ಹೆಸರು ಹೇಳಬೇಕೆಂದು ಕಲಿಸಿದ್ದರು. ಹೆಸರನ್ನು ಗೊಣಗುವುದು ಬ್ಯಾಡ್ ಮ್ಯಾನರ್ಸ್. ಯಲಬುರ್ಗಾದ ಮನೆಗೆ ಸೊಸೆಯಾಗಿ ಬಂದ ಮೊದಲ ವಾರವೇ ಅತ್ತೆ ತಿದ್ದಿದರು: "ಹೇಂತಿ ಬಾಯಾಗ ಗಂಡನ ಹೆಸರು ಬಂದ್ರ ಆಯುಷ್ಯ ಸವಿತೈತಿ ನಮ್ಮವ್ವ. ನಿನ್ನ ಇಂಗ್ಲೀಷ್ ಸಾಲಿ ಅದನ್ನ ತುಂಬಿ ಕೊಡೂದಿಲ್ಲ." ವಾದ ಮಾಡಬಹುದಿತ್ತು. ಸೂಪರ್‌ಸ್ಟಿಶನ್ ಎನ್ನುವ ಪದ ಬಾಯಿಯವರೆಗೂ ಬಂದಿತ್ತು. ಆದರೆ ಹೊಸದಾಗಿ ಸಿಕ್ಕ ಗಂಡ, ನೋಡಲೂ ಚೆನ್ನಾಗಿದ್ದರು. ಒಂದು ವಾದ ಗೆಲ್ಲುವುದಕ್ಕಾಗಿ ಅವರ ಆಯುಷ್ಯವನ್ನು ಯಾಕೆ ಪಣಕ್ಕಿಡಲಿ ಎಂದು ಸುಮ್ಮನಾದೆ. ಆಮೇಲೆ ಅದು ಅಭ್ಯಾಸವಾಯಿತು. ಆಮೇಲೆ, ನಿಜ ಹೇಳಬೇಕೆಂದರೆ, ಅದೇ ನನ್ನ ಪ್ರೀತಿಯ ರೀತಿಯೂ ಆಯಿತು. ಬೇರೆಯವರು ಐ ಲವ್ ಯು ಅನ್ನುತ್ತಾರೆ, ನಾನು "ಏನ್ರೀ" ಅನ್ನುತ್ತಿದ್ದೆ.

ಒಂದೇ ಒಂದು ಸಲ ಹೇಳಿದ್ದುಂಟು. ಮದುವೆಯಲ್ಲಿ ಹೊಸ್ತಿಲ ಮುಂದೆ ಅಡ್ಡಗಟ್ಟಿ, ಒಡಪು ಕಟ್ಟಿ ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ಹೆಂಗಸರೆಲ್ಲ ನಿಂತಾಗ. ಪ್ರಾಸದೊಳಗೆ ಸುತ್ತಿ ಹೇಳಿದರೆ ದೋಷವಿಲ್ಲವಂತೆ. ಗುಳಿಗೆಯನ್ನು ಬೆಲ್ಲದಲ್ಲಿಟ್ಟು ನುಂಗಿದ ಹಾಗೆ. ನನಗೋ ಇಂಗ್ಲಿಷಿನ ರೈಮ್ ಬಿಟ್ಟರೆ ಒಂದೂ ಬಾರದು. ಕಡೆಗೆ ಯಾರೋ ಹಿರಿಯಳು ಕಿವಿಯಲ್ಲಿ ಉಸುರಿದ ಎರಡು ಸಾಲನ್ನು ಗಿಳಿಯಂತೆ ಒಪ್ಪಿಸಿ ಒಳಗೆ ಬಂದೆ.

ಮುಂದೆ ಆ ಹೆಸರಿನ ಅಗತ್ಯವೇ ಬೀಳಲಿಲ್ಲ. ನಮ್ಮ ಮನೆಯವರು ಪಶುವೈದ್ಯರು. ಯಲಬುರ್ಗಾ, ಕುಷ್ಟಗಿ, ಹನುಮಸಾಗರ ಎಂದು ವರ್ಗವಾಗುತ್ತಾ, ಕೊಪ್ಪಳ ಜಿಲ್ಲೆಯಾದ ಹೊಸತರಲ್ಲಿ ಇಲ್ಲಿಗೆ ಬಂದು ನೆಲೆಸಿದೆವು. ಎಲ್ಲಿ ಹೋದರೂ ಅವರು "ದನದ ಡಾಕ್ಟ್ರು". ಬಸ್ಸಿನ ಕಂಡಕ್ಟರೂ ಹಾಗೇ ಕರೆಯುತ್ತಿದ್ದ, ಮಗಳ ಮದುವೆಗೆ ಬಂದವರೂ ಹಾಗೇ ಕರೆದರು. ನಾನು "ದನದ ಡಾಕ್ಟ್ರ ಅಕ್ಕೋರು". ಈ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ಆದರೂ ಆ ಎರಡು ಪದ ಒಟ್ಟಿಗೆ ಬಿದ್ದಾಗ ನಾನು ದನಗಳಿಗೆ ಗ್ರಾಮರ್ ಹೇಳಿಕೊಡುವವಳಂತೆ ಕೇಳಿಸುತ್ತಿತ್ತು.

ರಿಟೈರಾಗಿ ಕೆಲವು ವರ್ಷದ ಮೇಲೆ ಅವರಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ಓಣಿ, ಆಮೇಲೆ ನಾನು. ಈಗ ನನ್ನನ್ನು ಅವರೂ "ಅಕ್ಕೋರ" ಎಂದೇ ಕರೆಯುತ್ತಾರೆ, ಬಹುವಚನದಲ್ಲಿ, ತುಂಬ ಮರ್ಯಾದೆಯಿಂದ. ಮದುವೆಯಾದಾಗಿನಿಂದ ಅವರು ನನಗೆ ಇಷ್ಟು ಮರ್ಯಾದೆ ಕೊಟ್ಟದ್ದಿಲ್ಲ. ಪಾಠ ಹೇಳಲು ಮನೆಗೆ ಬಂದ ಯಾರೋ ಟೀಚರು, ಸಂಜೆಯಾದರೂ ಹೊರಡುವುದಿಲ್ಲವಲ್ಲ ಎಂದು ಅವರಿಗೆ ಸಂಕೋಚ. "ನಿಮ್ಮ ಮನ್ಯಾಗ ದಾರಿ ನೋಡ್ತಿರಬೇಕಲ್ರೀ" ಅನ್ನುತ್ತಾರೆ. ಜೊತೆಗೆ ಅವರ ತಂಗಿ ಶಂಕ್ರವ್ವ ಇದ್ದಾಳೆ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇರುವ ನನ್ನ ನಾದಿನಿ. ಅವಳಿಲ್ಲದಿದ್ದರೆ ನಾನು ಎಂದೋ ಹುಚ್ಚಿಯಾಗುತ್ತಿದ್ದೆ. ಅವಳಿರುವುದರಿಂದಲೂ ಕೆಲವೊಮ್ಮೆ ಆಗುತ್ತೇನೆ.

ಇನ್ನು ಕಾರ್ಡಿನ ವಿಷಯ. ಕ್ರೆಡಿಟ್ ಕಾರ್ಡು ಇದ್ದದ್ದು ಅವರ ಹೆಸರಿನಲ್ಲಿ. ನನ್ನದು ಆಡ್-ಆನ್, ಅಂದರೆ ಎತ್ತಿನ ಹಿಂದಿನ ಬಂಡಿ. ಗಂಗಾವತಿಯಲ್ಲಿರುವ ಮಗಳು ಸುಧಾ ಆನ್‌ಲೈನ್ ಶಾಪಿಂಗ್ ಕಲಿಸಿಕೊಟ್ಟಳು. ಮೊದಲು ಡಾರ್ಜಿಲಿಂಗ್ ಟೀ ತರಿಸಿದೆ, ಲ್ಯಾವೆಂಡರ್ ಸೋಪು ತರಿಸಿದೆ. ಆಮೇಲೆ ತರಿಸಿದ್ದು ಒಂದೇ. ಮಕ್ಕಳಿಗೆ ಕಟ್ಟುವ ಡಯಾಪರ್ ದೊಡ್ಡವರಿಗೂ ಇರುತ್ತದಲ್ಲ, ಅದು. ಅದೇನು ಕೊಪ್ಪಳದಲ್ಲಿ ಸಿಗುವುದಿಲ್ಲವೇ ಎಂದರೆ ಸಿಗುತ್ತದೆ, ನಮ್ಮ ಓಣಿಯ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಆದರೆ ಆ ಅಂಗಡಿಯವನು ಅಳವಂಡಿಯವನು. ಅವನ ಅಪ್ಪನ ಎಮ್ಮೆ ಕರು ಹಾಕಲಾರದೆ ಸಾಯುವ ಹೊತ್ತಿಗೆ ನಮ್ಮ ಮನೆಯವರು ಮಳೆಯಲ್ಲಿ ಹೋಗಿ ಎರಡೂ ಜೀವ ಉಳಿಸಿ ಬಂದಿದ್ದರು. ಇವರನ್ನು ಕಂಡರೆ ಈಗಲೂ ಗಲ್ಲೆ ಬಿಟ್ಟು ಎದ್ದು ನಿಂತು ನಮಸ್ಕಾರ ಮಾಡುತ್ತಾನೆ. ಆ ಮನುಷ್ಯನ ಕೈಯಿಂದ ಆ ಪೊಟ್ಟಣವನ್ನು ನಾನು ಹೇಗೆ ತೆಗೆದುಕೊಳ್ಳಲಿ? ಆನ್‌ಲೈನಿನಲ್ಲಾದರೆ ಕಂದು ಬಣ್ಣದ ಡಬ್ಬಿಯಲ್ಲಿ ಮುಚ್ಚಿಟ್ಟು ಕಳಿಸುತ್ತಾರೆ. ಪಕ್ಕದ ಮನೆಯವರು ನಾನು ಪುಸ್ತಕ ತರಿಸುತ್ತೇನೆಂದು ತಿಳಿದಿದ್ದರು. "ಎಷ್ಟು ಓದ್ತೀರ್ರೀ ಅಕ್ಕೋರ ಈ ವಯಸ್ಸಿನ್ಯಾಗ!" ಎಂದು ಹೊಗಳಿದಾಗ ನಾನು ಮಾಡೆಸ್ಟ್ ಆಗಿ ನಕ್ಕಿದ್ದೆ.

ಹೀಗೆ ಎಲ್ಲ ಮುಚ್ಚಿಟ್ಟಿದ್ದೇನೆ ಎಂಬ ಭ್ರಮೆಯಲ್ಲಿದ್ದಾಗ ಆ ಆನ್‌ಲೈನ್ ಅಂಗಡಿಯವರ ಈ-ಮೇಲ್ ಬಂತು. ತುಂಬ ಸೊಗಸಾದ ಇಂಗ್ಲಿಷು. ನಮ್ಮ ಸಿಸ್ಟಮಿಗೆ ಹೊರಗಿನವರು ನುಗ್ಗಿದ್ದಾರೆ, ಗ್ರಾಹಕರ ಹೆಸರು, ವಿಳಾಸ, ಕಾರ್ಡಿನ ವಿವರ, ಅವರು ಏನೇನು ಕೊಂಡರೆಂಬ ವಿವರ ಆ ಕಳ್ಳರ ಕೈಗೆ ಸಿಕ್ಕಿರಬಹುದು, ವಿಷಾದಿಸುತ್ತೇವೆ. ಎರಡು ಸಲ ಓದಿದೆ. ಕಾಮಾ ಕೂಡ ಸರಿಯಾದ ಜಾಗದಲ್ಲಿತ್ತು. ಓಣಿಯ ಅಂಗಡಿಯವನಿಗೆ ತಿಳಿಯಬಾರದೆಂದು ನಾನು ಮುಚ್ಚಿಟ್ಟದ್ದನ್ನು ಈಗ ಯಾವ ದೇಶದಲ್ಲೋ ಕುಳಿತ ಯಾರೋ ಓದುತ್ತಿದ್ದಾನೆ. ದುಡ್ಡು ಹೋದರೆ ಹೋಗಲಿ, ನಮ್ಮ ಮನೆಯವರ ಮಾನ ಹೋಯಿತಲ್ಲ ಎಂದು ಸಂಕಟವಾಯಿತು.

ಸುಧಾಳಿಗೆ ಫೋನು ಮಾಡಿದೆ. ಅವಳು ನನ್ನ ದುಃಖದ ಮಾತೇ ಎತ್ತಲಿಲ್ಲ, ಸ್ಟೇಟ್‌ಮೆಂಟ್ ಓದಿಸಿದಳು. ಅದರಲ್ಲೊಂದು ಪುಡಿಗಾಸಿನ ಖರ್ಚು ಇತ್ತು, ಯಾವುದೋ ವಿದೇಶದ ಜಿಮ್ಮಿನ ಚಂದಾ. "ಮಮ್ಮಿ, ನೀ ಜಿಮ್ ಸೇರಿಯೇನು?" "ಮೆಟ್ಟಿಲು ಹತ್ತಾಕ ಆಗವಲ್ದು ನನಗ, ಜಿಮ್ ಎಲ್ಲಿಂದ ಬಂತs?" "ಹಂಗಾರ ಕಳ್ಳ ಬಂದಾನ. ಮೊದಲ ಸಣ್ಣದು ತಗೊಂಡು ನೋಡ್ತಾರ, ಯಾರೂ ಕೇಳ್ಲಿಲ್ಲಂದ್ರ ದೊಡ್ಡದಕ್ಕ ಕೈ ಹಾಕ್ತಾರ. ಈಗಿಂದೀಗ ಬ್ಯಾಂಕಿಗೆ ಫೋನ್ ಹಚ್ಚಿ ಬ್ಲಾಕ್ ಮಾಡ್ಸು. ಈ-ಮೇಲಿನ್ಯಾಗ ಬಂದಿರೋ ಲಿಂಕ್ ಒತ್ತಬ್ಯಾಡ, ಅದರಾಗಿನ ನಂಬರಿಗೂ ಮಾಡಬ್ಯಾಡ, ಕಾರ್ಡಿನ ಹಿಂದಿನ ನಂಬರಿಗೇ ಮಾಡು. ಪಾಸ್‌ವರ್ಡ್ ಎಲ್ಲಾ ಬದ್ಲಿ ಮಾಡು." ಮಗಳು ನನಗೆ ಡಿಕ್ಟೇಶನ್ ಕೊಡುವ ಕಾಲ ಬಂತು ನೋಡಿ.

ಫೋನು ಎತ್ತಿದ ಹುಡುಗಿಯ ದನಿ ಬೆಂಗಳೂರಿನದು, ಜೇನಿನಂಥದು. ನನ್ನ ಹೆಸರು, ಹುಟ್ಟಿದ ದಿನ ಎಲ್ಲ ಸರಿಯಾಗಿ ಹೇಳಿದೆ. ಆಗ ಕೇಳಿದಳು: "ಮ್ಯಾಮ್, ಪ್ರೈಮರಿ ಕಾರ್ಡ್ ಹೋಲ್ಡರ್ ಪೂರ್ತಿ ಹೆಸರು ಹೇಳ್ತೀರಾ?"

"ನಮ್ಮ ಮನೆಯವರು" ಅಂದೆ.

"ಹೆಸರು, ಮ್ಯಾಮ್?"

"ಡಾಕ್ಟರು. ವೆಟರ್ನರಿ."

"ಮ್ಯಾಮ್, ಹೆಸರು."

ನಾನು ತಿರುಗಿ ನೋಡಿದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವರು ಕುಳಿತಿದ್ದರು. ಆ ವಾರ ಊಟ ಅರ್ಧಕ್ಕೆ ಇಳಿದಿತ್ತು, ಕೈಯ ನರಗಳು ಎದ್ದು ಕಾಣುತ್ತಿದ್ದವು. ಫಿಜಿಶಿಯನ್ ನೋಡಿ, ಇನ್ನು ದೇವರಿದ್ದಾನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಹೋಗಿದ್ದರು. ಇಷ್ಟು ವರ್ಷ ಕಾಪಾಡಿದ್ದನ್ನು ಇಂಥ ವಾರದಲ್ಲೇ ಬಾಯಿಂದ ಬೀಳಿಸಲೇ? ನಾನು ನಂಬುವವಳಲ್ಲ. ನಂಬುವುದಿಲ್ಲವೆಂದು ಬರೆದುಕೊಡಬಲ್ಲೆ. ಆದರೆ ಸವೆಯಲು ಉಳಿದಿದ್ದ ಆಯುಷ್ಯವೇ ಒಂದು ಹಿಡಿ. ಅದರ ಮೇಲೆ ನನ್ನ ವೈಚಾರಿಕತೆಯ ಪರೀಕ್ಷೆ ಮಾಡಲು ಧೈರ್ಯ ಬರಲಿಲ್ಲ.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಶಂಕ್ರವ್ವ ತಡೆಯಲಾರದೆ ಅಣ್ಣನ ಹೆಸರನ್ನು ಕೂಗಿಯೇಬಿಟ್ಟಳು. ಹುಡುಗಿಯ ಜೇನು ಗಟ್ಟಿಯಾಯಿತು: "ಮ್ಯಾಮ್, ಪಕ್ಕದಲ್ಲಿ ಯಾರೋ ಹೇಳಿಕೊಡ್ತಿದ್ದಾರೆ. ಸೆಕ್ಯೂರಿಟಿ ರೀಸನ್ಸ್‌ನಿಂದ ಅದನ್ನ ತಗೊಳ್ಳೋಕಾಗಲ್ಲ." ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ಹೊರಗೆ ಕಳಿಸಿದವಳು ನಾನು, ಇವತ್ತು ಸಿಕ್ಕಿಬಿದ್ದೆ. ಸ್ಪೆಲ್ಲಿಂಗ್ ಹೇಳಲೇ ಎಂದೆ. ಬೇಡ, ಹೆಸರೇ ಹೇಳಿ, ಕಾಲ್ ರೆಕಾರ್ಡ್ ಆಗುತ್ತದೆ ಎಂದಳು. ಅದನ್ನು ಕೇಳಿ ಇನ್ನೂ ಗಾಬರಿಯಾಯಿತು. ಒಂದು ಸಲ ಅಂದರೆ ಒಂದು ಸಲವಲ್ಲ, ಅವರು ಬೇಕಾದಾಗಲೆಲ್ಲ ತಿರುಗಿಸಿ ಕೇಳಬಹುದು! "ಹಾಗಾದರೆ ಸರ್‌ಗೇ ಫೋನ್ ಕೊಡಿ ಮ್ಯಾಮ್."

ಕೊಟ್ಟೆ. ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಡ್ಯೂಟಿಯ ದನಿಯಲ್ಲಿ ಕೇಳಿದರು: "ಹಾಂ, ಹೇಳ್ರಿ. ಎಮ್ಮಿ ನೀರು ಕುಡಿದೈತೇನು?"

"ಸರ್? ನಿಮ್ಮ ಹೆಸರು ಹೇಳ್ತೀರಾ?"

"ಹೆಸರು ಕಟಗೊಂಡು ಏನ್ ಮಾಡ್ತೀರಿ. ಕಾಲು ಮುಂದ ಬಂದಾವೋ, ತಲಿ ಮುಂದ ಬಂದೈತೋ ನೋಡಿ ಹೇಳ್ರಿ. ಜಗ್ಗಬ್ಯಾಡ್ರಿ. ನಾ ಬರೂಮಟ ಯಾರೂ ಜಗ್ಗಬ್ಯಾಡ್ರಿ." ಅಷ್ಟು ಹೇಳಿ ಫೋನನ್ನು ನನ್ನ ಕೈಗಿತ್ತು, ಚಪ್ಪಲಿಗಾಗಿ ಕಾಲಲ್ಲೇ ನೆಲ ತಡಕಾಡಿದರು.

ಹುಡುಗಿ ಮೆಲ್ಲಗೆ, "ನಿಧಾನಕ್ಕೆ ಹೇಳಿ ಮ್ಯಾಮ್, ನಾನು ಲೈನಲ್ಲೇ ಇರ್ತೀನಿ" ಅಂದಳು. ಶಂಕ್ರವ್ವ ಅವರೆಕಾಯಿ ಬದಿಗಿಟ್ಟಳು. "ಒಡಪು ಹಾಕಿ ಹೇಳ್ರಿ ವೈನಿ. ಒಡಪಿಗೆ ದೋಷಿಲ್ಲ. ಬ್ಯಾಂಕಿನವರೇನು ಹೊಸ್ತಿಲಿಗೆ ನಿಂತವರಕ್ಕಿಂತ ದೊಡ್ಡವರs?"

ಕಣ್ಣು ಮುಚ್ಚಿಕೊಂಡೆ. ಇಷ್ಟು ಕಾಲ ಎಲ್ಲಿ ಅಡಗಿತ್ತೋ, ಮದುವೆಯ ದಿನದ ಆ ಎರಡು ಸಾಲು ತಾನಾಗಿ ಬಂತು: "ಬಿಳಿಜ್ವಾಳದ ರೊಟ್ಟಿಗೆ ಬೆಣ್ಣಿ ಒಪ್ಪ, ನಮ್ಮ ಮನಿಗೆ ಒಪ್ಪ ಶರಣಬಸಪ್ಪ."

"ಸೋ ಸ್ವೀಟ್ ಮ್ಯಾಮ್" ಎಂದಳು ಹುಡುಗಿ. ಅವಳ ದನಿ ನಿಜವಾಗಿಯೂ ಒದ್ದೆಯಾಗಿತ್ತು. "ಬಟ್ ಸಾರಿ. ಬರೀ ಹೆಸರು ಒಂದ್ಸಲ ಹೇಳಿಬಿಡಿ. ರೊಟ್ಟಿ, ಬೆಣ್ಣೆ ಬೇಡ."

ಬೆಲ್ಲವಿಲ್ಲದೆ ಗುಳಿಗೆ ನುಂಗಬೇಕಾಯಿತು. ಹೆಸರಿಗೆ ಮೊದಲು 'ಡಾಕ್ಟರು' ಅನ್ನಲಿಲ್ಲ, ಕೊನೆಗೆ 'ಅವರು' ಸೇರಿಸಲಿಲ್ಲ. ಸಿಸ್ಟರ್‌ಗಳು ಕಲಿಸಿದಂತೆ, ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದೆ. "ಶರಣಬಸಪ್ಪ."

ಕುರ್ಚಿಯಲ್ಲಿದ್ದವರು ತಿರುಗಿ ನೋಡಿದರು. ಏನಾಗುತ್ತದೋ ಎಂದು ನಾನು ಅವರ ಮುಖವನ್ನೇ ನೋಡಿದೆ. "ಶರಣಬಸಪ್ಪ ಅಂದ್ರ ಯಾರ್ರೀ ಅಕ್ಕೋರ?" ಎಂದರು. "ನಿಮ್ಮ ಪೈಕಿ ಏನು?"

"ಹೌದ್ರಿ" ಅಂದೆ. "ನಮ್ಮವರs."

"ಎಲ್ಲಿ ಹೋಗ್ಯಾನ?"

ಫೋನಿನಲ್ಲಿ ಹುಡುಗಿ ಹೇಳುತ್ತಿದ್ದಳು: ಎರಡೂ ಕಾರ್ಡು ಪರ್ಮನೆಂಟಾಗಿ ಬ್ಲಾಕ್ ಆಗಿದೆ, ಜಿಮ್ಮಿನ ಖರ್ಚಿಗೆ ಕಂಪ್ಲೇಂಟ್ ತಗೊಂಡಿದ್ದೇನೆ, ಇನ್ನೇನಾದರೂ ಸಹಾಯ ಬೇಕಾ? ನೋ ಥ್ಯಾಂಕ್ ಯು, ಎಂದು ತುಂಬ ಮರ್ಯಾದೆಯಿಂದ ಹೇಳಿ ಫೋನಿಟ್ಟೆ. ಅವತ್ತು ಅಡುಗೆ ಶಂಕ್ರವ್ವ ಒಬ್ಬಳೇ ಮಾಡಿದಳು. ನನ್ನನ್ನು ಏನೂ ಕೇಳಲಿಲ್ಲ. ಅವಳು ಏನೂ ಕೇಳದ ಸಂಜೆ ನನ್ನ ನೆನಪಿನಲ್ಲಿ ಅದೊಂದೇ.

ಹೊಸ ಕಾರ್ಡು ಬಂತು. ಸುಧಾ ಹೇಳಿದ್ದನ್ನೆಲ್ಲ ಪಾಲಿಸುತ್ತಿದ್ದೇನೆ. ಯಾವ ಅಂಗಡಿಯಲ್ಲೂ ನಂಬರು ಸೇವ್ ಮಾಡುವುದಿಲ್ಲ, ವಿದೇಶದ ವ್ಯವಹಾರ ಬಂದ್ ಮಾಡಿಸಿದ್ದೇನೆ, ಸ್ಟೇಟ್‌ಮೆಂಟನ್ನು ಪರೀಕ್ಷೆಯ ಪೇಪರಿನಂತೆ ತಿದ್ದುತ್ತೇನೆ. ಆದರೆ ಇನ್ನೊಂದು ಗುಟ್ಟನ್ನು ಕಾಯುವುದು ಬಿಟ್ಟುಬಿಟ್ಟೆ. ಅವರು ಆಮೇಲೆ ಒಂದಿಷ್ಟು ಚೇತರಿಸಿಕೊಂಡರು, ಅತ್ತೆಯ ಲೆಕ್ಕ ತಪ್ಪಾಯಿತು. ಈಗ ಸಂಜೆ ಚಹಾ ಕುಡಿಸುತ್ತಾ ಶರಣಬಸಪ್ಪನ ಕಥೆ ಹೇಳುತ್ತೇನೆ, ಹೆಸರು ಹಿಡಿದೇ ಹೇಳುತ್ತೇನೆ. ಶರಣಬಸಪ್ಪ ಮಳೆಯಲ್ಲಿ ಹಳ್ಳ ದಾಟಿ ಎಮ್ಮೆ ಉಳಿಸಿದ್ದು, ಎತ್ತು ಒದ್ದು ಶರಣಬಸಪ್ಪನ ಹಲ್ಲು ಮುರಿದದ್ದು. ಅವರಿಗೆ ಆ ಮನುಷ್ಯ ಬಹಳ ಹಿಡಿಸಿದ್ದಾನೆ. "ಮುಂದ ಏನ್ ಮಾಡಿದನ್ರೀ?" ಎಂದು ಚಹಾ ಆರುವವರೆಗೂ ಕೇಳುತ್ತಾರೆ.

ಮೊನ್ನೆ ಕೇಳಿದರು: "ಛಲೋ ಮನಷ್ಯಾ ಅದಾನ ಬಿಡ್ರಿ. ಅವನ ಹೇಂತಿ ಹೆಂಗದಾಳ?"

ನಾನು ಸ್ವಲ್ಪ ಯೋಚಿಸಿದೆ. ಸಿಕ್ಕ ಅವಕಾಶ ಬಿಡಬಾರದೆಂದು ಆಸೆಯೂ ಆಯಿತು. ಆದರೂ ಕಾನ್ವೆಂಟಿನ ಹುಡುಗಿ, ಸುಳ್ಳು ಬರಲಿಲ್ಲ. "ಕೆಟ್ಟಾಕಿ ಏನಲ್ರಿ. ಇಂಗ್ಲೀಷ್ ಸ್ವಲ್ಪ ಜಾಸ್ತಿ ಮಾತಾಡ್ತಾಳ."

"ಪಾಪ" ಎಂದರು ಅವರು, ತುಂಬ ನೊಂದು. ಯಾರಿಗೆ ಅಂದರೋ ನಾನು ಕೇಳಲಿಲ್ಲ.