ಒಂದೇ ಥಾನಿನ ಒಂಬತ್ತು ಮಕ್ಕಳು

ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಬಲ್ಲವರ ಮನೆಯಲ್ಲಿ ಅನಾಹುತಗಳು ಆಗುವುದಿಲ್ಲ ಎಂದು ಮಂಗಳೂರಿನ ಕಾನ್ವೆಂಟಿನಲ್ಲಿ ನಮ್ಮ ಮದರ್ ಹೇಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನನಗೆ ರಜೆಯ ದಿನಗಳಲ್ಲಿ ಒಂಬತ್ತು ಮಂದಿ ಇದ್ದರು. ಸಾಲಾಗಿಯೂ ನಿಲ್ಲುತ್ತಿದ್ದರು. ಆದರೂ ದೀಪಾವಳಿ ಬಂತೆಂದರೆ ಏನಾದರೊಂದು ಆಗಿಯೇ ತೀರುತ್ತಿತ್ತು.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕುಂದಾಪುರ ಪೇಟೆಯ ಹೊರಗೆ, ಗದ್ದೆಯ ಅಂಚಿನಲ್ಲಿ ನಮ್ಮ ಕೂಡುಮನೆ. ಯಜಮಾನರು ಕೋರ್ಟಿನಲ್ಲಿ ವಕೀಲರು. ನನ್ನ ಮಕ್ಕಳು ನಾಲ್ವರು, ಭಾವನವರ ಮಕ್ಕಳು ನಾಲ್ವರು, ಬೊಂಬಾಯಿಯಿಂದ ರಜೆಗೆ ಬರುವ ನಾದಿನಿಯ ಮಗ ಒಬ್ಬ. ಅಡಿಗೆ ಓರಗಿತ್ತಿಯ ಪಾಲು, ಮಕ್ಕಳು ನನ್ನ ಪಾಲು. ರಜೆಯಲ್ಲಿ ಅವರನ್ನು ಬೈಂದೂರಿನ ಕಡಲಿಗೆ, ಬ್ರಹ್ಮಾವರದ ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋಗುವ ಪದ್ಧತಿಯನ್ನು ಶುರು ಮಾಡಿದವಳು ನಾನೇ. ಮಕ್ಕಳು ಜಗಲಿಯಲ್ಲಿ ಕೂತು ರಜೆ ಕಳೆದರೆ ಅವರಿಗೆ ಲೋಕಜ್ಞಾನ ಬರುವುದು ಹೇಗೆ?

ಅತ್ತೆಯವರಿಗೆ ಇದು ಸರಿಬೀಳಲಿಲ್ಲ. ಬೊಂಬಾಯಿ ಹುಡುಗನನ್ನು ಮುಂದೆ ನಿಲ್ಲಿಸಿಕೊಂಡು ಶರತ್ತು ಹಾಕಿದರು. “ಕಾಣ್, ಇವ ಮಗಳ ಒಬ್ನೇ ಮಗ. ಹೋದ್ ಮಕ್ಕಳ್ ಹೋದಾಂಗೇ ತಿರ್ಗಿ ಬರ್ಕ್. ಒಂದ್ ಮಗು ಹೆಚ್ಚ್‌ಕಮ್ಮಿ ಆಯ್ತೋ, ನಿನ್ನ್ ತಿರ್ಗಾಟ ಅಲ್ಲಿಗೇ ಬಂದ್!”

“ಒಂದು ಮಗುವೂ ಹೆಚ್ಚುಕಮ್ಮಿ ಆಗುವುದಿಲ್ಲ ಅತ್ತೆ,” ಎಂದೆ. ಕಮ್ಮಿಯಾಗುವುದರ ಬಗ್ಗೆ ಮಾತ್ರ ನಾನು ಯೋಚಿಸಿದ್ದೆ.

ಕಿಟಕಿಯ ಪರದೆ

ನಮ್ಮಲ್ಲಿ ಹಬ್ಬಕ್ಕೆ ಮಕ್ಕಳಿಗೆಲ್ಲ ಒಂದೇ ಥಾನಿನ ಬಟ್ಟೆ. ಹುಡುಗರಿಗೆ ಅಂಗಿ, ಹುಡುಗಿಯರಿಗೆ ಲಂಗ. ದರ್ಜಿ ಮೆಷಿನ್ನು ಹೊತ್ತು ತಂದು ನಮ್ಮ ಜಗಲಿಯಲ್ಲೇ ಕೂತು ಹೊಲಿಯುತ್ತಿದ್ದ. ನನಗೂ ಇದು ಮೆಚ್ಚಿಕೆಯೇ. ಕಾನ್ವೆಂಟಿನ ಸಮವಸ್ತ್ರದ ಹಾಗೆ ಒಂದು ಅಚ್ಚುಕಟ್ಟು ಇರುತ್ತದೆ, ಜಾತ್ರೆಯ ಜನಜಂಗುಳಿಯಲ್ಲೂ ನಮ್ಮ ಮಕ್ಕಳು ದೂರದಿಂದಲೇ ಗುರುತು ಸಿಗುತ್ತಾರೆ.

ಮೊದಲ ವರ್ಷ ನೀಲಿಯ ಮೇಲೆ ಬಿಳಿ ಚೌಕುಳಿಯ ಬಟ್ಟೆ ತಂದೆವು. ತುಸು ಉಳಿಯಿತು. ಹಾಳು ಮಾಡುವುದೇಕೆಂದು ನಡುಕೋಣೆಯ ಕಿಟಕಿಗೆ ಪರದೆ ಹೊಲಿಸಿದೆ.

ಹಬ್ಬದ ಮಧ್ಯಾಹ್ನ ಮಕ್ಕಳು ಅಡಗುವ ಆಟ ಆಡುತ್ತಿದ್ದರು. ಎಂಟು ಮಂದಿ ಸಿಕ್ಕಿದರು, ಭಾವನವರ ಕಿರಿಯವ ಸಿಗಲಿಲ್ಲ. ಅಟ್ಟ ಹತ್ತಿ ನೋಡಿದೆವು, ಹಟ್ಟಿಯಲ್ಲಿ ಹುಡುಕಿದೆವು. ಓರಗಿತ್ತಿ ಸೌಟು ಹಿಡಿದುಕೊಂಡೇ ಬಾವಿಕಟ್ಟೆಗೆ ಓಡಿ ಬಗ್ಗಿ ನೋಡಿದಳು. ಅಷ್ಟರಲ್ಲಿ ನಡುಕೋಣೆಯಲ್ಲಿ ಒಂದು ಸೀನು ಕೇಳಿಸಿತು. ಆ ಕೋಣೆಯನ್ನು ನಾವು ಎಲ್ಲಕ್ಕಿಂತ ಮೊದಲೇ ನೋಡಿಯಾಗಿತ್ತು! ಮತ್ತೆ ಹೋಗಿ ನೋಡಿದರೆ ಹುಡುಗ ಪರದೆಯ ಹಿಂದೆ ಅಲ್ಲ, ಪರದೆಯ ಮುಂದೆ, ಕಿಟಕಿಯ ದಂಡೆಯ ಮೇಲೆ, ನಮ್ಮೆಲ್ಲರ ಕಣ್ಣೆದುರಿಗೇ ಮುಖವನ್ನು ಮಾತ್ರ ಮೊಣಕಾಲಿನಲ್ಲಿ ಹುದುಗಿಸಿ ಕೂತಿದ್ದ.

ಅತ್ತೆ ಅವನನ್ನು ಇಳಿಸಿ, ಬೆನ್ನು ಸವರಿ, ನನ್ನ ಕಡೆ ತಿರುಗಿದರು. “ಬಪ್ಪ್ ವರ್ಷ ಪರ್ದಿಗೊಂದ್ ಬಣ್ಣ, ಮಕ್ಕಳಿಗೊಂದ್ ಬಣ್ಣ ಮಾಡ್, ಮಾರಾಯ್ತಿ.”

ಎಣ್ಣೆಸ್ನಾನ

ಮರುವರ್ಷದ ಮಾತು. ಹಿಂದಿನ ಸಂಜೆಯೇ ಹಂಡೆಗೆ ಬಿಳಿ ಶೇಡಿಮಣ್ಣಿನಲ್ಲಿ ಚಿತ್ತಾರ ಬರೆದು ನೀರು ತುಂಬಿಸಿಯಾಗಿತ್ತು. ಬೆಳಗಾಗುವ ಮೊದಲೇ ಮಕ್ಕಳನ್ನು ಎಬ್ಬಿಸಿ, ಎಣ್ಣೆ ಹಚ್ಚಿ, ಎತ್ತರದ ಪ್ರಕಾರ ಬಚ್ಚಲಿನ ಹೊರಗೆ ನಿಲ್ಲಿಸಿದೆ. ಒಳಗೆ ಹೊಗೆ, ಹಬೆ. ಒಬ್ಬೊಬ್ಬರನ್ನಾಗಿ ಕರೆದು ತಿಕ್ಕಿ ತೊಳೆದು ಕಳಿಸಿದೆ. ಒಂಬತ್ತು ತಲೆ ಎಣಿಸಿಯೇ ಹೊರಗೆ ಬಂದೆ. ಕಾಪಿ ಕುಡಿಯುವಾಗ ನೋಡುತ್ತೇನೆ, ನನ್ನ ಎರಡನೆಯ ಮಗ ತಲೆಯಿಂದ ಕಾಲಿನವರೆಗೆ ಎಣ್ಣೆ ಸುರಿಸಿಕೊಂಡು ಕಂಬಕ್ಕೆ ಒರಗಿ ನಿಂತಿದ್ದಾನೆ.

“ನಿನ್ನ ಸ್ನಾನ?”

“ಆಯ್ತಮ್ಮ.”

“ಎಲ್ಲಿ ಆಯಿತು?”

ಅವನು ಬೊಂಬಾಯಿ ಹುಡುಗನ ಕಡೆ ಬೆರಳು ತೋರಿಸಿದ. ಆ ಮಹಾಶಯ ಬೇಯಿಸಿದ ಗೆಣಸಿನ ಹಾಗೆ ಕೆಂಪಾಗಿ ಹೊಳೆಯುತ್ತಿದ್ದ. ವಿಚಾರಿಸಿದರೆ, ಒಂದು ಉಂಡೆಯ ಲಂಚ ತೆಗೆದುಕೊಂಡು ನನ್ನ ಮಗನ ಪಾಲಿನ ಸ್ನಾನವನ್ನೂ ಅವನೇ ಮಾಡಿ ಮುಗಿಸಿದ್ದ!

“ಎರಡೆರಡು ಸಲ ತಲೆ ತಿಕ್ಕಿಸಿಕೊಂಡೆಯಲ್ಲ, ಕಣ್ಣು ಉರಿಯಲಿಲ್ಲವೇ?” ಎಂದೆ.

“ಉರಿಯಿತು ಮಾಮಿ. ಆದರೆ ನಮ್ಮ ಚಾಳಿನಲ್ಲಿ ಇಷ್ಟು ಬಿಸಿನೀರು ಯಾರು ಕೊಡ್ತಾರೆ? ಯಾರದಾದರೂ ಇನ್ನೊಂದು ಸ್ನಾನ ಉಳಿದಿದೆಯಾ?”

ಬ್ರಹ್ಮಾವರದ ಹೋಳಿಗೆ

ಬ್ರಹ್ಮಾವರದಲ್ಲಿ ಯಜಮಾನರ ದೊಡ್ಡಮ್ಮನ ಮನೆ. ಅಲ್ಲಿಗೆ ಹೊರಡುವ ಮುನ್ನ ಮಕ್ಕಳಿಗೆ ಪಾಠ ಹೇಳಿಕೊಟ್ಟಿದ್ದೆ. ಬಡಿಸಿದ್ದನ್ನು ಉಣ್ಣಬೇಕು. ಎರಡನೆಯ ಸಲ ಬಡಿಸಲು ಬಂದರೆ “ಸಾಕು, ಬೇಡ” ಎನ್ನಬೇಕು. ತೀರಾ ಒತ್ತಾಯ ಮಾಡಿದರೆ ಮಾತ್ರ ಒಪ್ಪಬಹುದು.

ದೊಡ್ಡಮ್ಮ ತುಪ್ಪ ಹಾಕಿದ ಹೋಳಿಗೆ ಬಡಿಸಿದರು. ಮಕ್ಕಳು ಎಲೆಯಲ್ಲಿ ಒಂದು ಚೂರೂ ಬಿಡದೆ ತಿಂದರು. ದೊಡ್ಡಮ್ಮ ಮತ್ತೆ ಪಾತ್ರೆ ಹಿಡಿದು ಬಂದಾಗ ಒಂಬತ್ತು ಮಂದಿಯೂ ಒಂದೇ ಸ್ವರದಲ್ಲಿ “ಸಾಕು, ಬೇಡ” ಎಂದರು. ನನಗೆ ಹೆಮ್ಮೆಯಾಯಿತು. ದೊಡ್ಡಮ್ಮನಿಗೆ ಕಿವಿ ಮಂದವಾದರೂ ಇದು ಚೆನ್ನಾಗಿ ಕೇಳಿಸಿತು. “ಪಾಪ, ಹೊಟ್ಟಿ ತುಂಬಿತ್ ಕಾಣತ್ತ್,” ಎಂದು ಪಾತ್ರೆಯನ್ನು ಒಳಗೆ ಇಟ್ಟುಬಿಟ್ಟರು. ಒಂಬತ್ತು ಮುಖಗಳೂ ಒಮ್ಮೆಲೇ ಬಾಡಿದವು.

ಹೊರಡುವಾಗ ಅಂಗಳದಲ್ಲಿ ನಿಂತು ನಾನು ದೊಡ್ಡಮ್ಮನಿಗೆ ನಮಸ್ಕಾರ ಹೇಳುತ್ತಿದ್ದೆ. ನನ್ನ ಕಿರಿಯ ಮಗಳು ಅವರ ಸೆರಗು ಜಗ್ಗಿ, ಅತ್ಯಂತ ವಿನಯದಿಂದ ಹೇಳಿದಳು: “ಅಜ್ಜಿ, ನೀವು ಇನ್ನೂ ಒಂದು ಸಲ ಕೇಳುವುದು ಬಾಕಿ ಇದೆ.”

ಬಲೀಂದ್ರನನ್ನು ಕರೆದದ್ದು

ಪಾಡ್ಯದ ಸಂಜೆ ಗದ್ದೆಯಲ್ಲಿ ದೀಪವಿಟ್ಟು ಬಲೀಂದ್ರನನ್ನು ಕರೆಯುವುದು ನಮ್ಮ ಕಡೆಯ ಪದ್ಧತಿ. ಕರೆದವರು ಕೊನೆಗೆ ಉದ್ದಕ್ಕೆ “ಕೂ...” ಎನ್ನಬೇಕು. ಆಚೆ ಗದ್ದೆಯವರು ಅದಕ್ಕೆ “ಕೂ...” ಎಂದು ಓಗೊಡಬೇಕು. ಮಾವನವರ ಕೂಗು ಮೂರು ಬೈಲು ದಾಟುತ್ತದೆಂದು ಊರಲ್ಲಿ ಖ್ಯಾತಿ ಇತ್ತು.

ನಮ್ಮ ಮಕ್ಕಳಿಗೆ ನಾನು ಕಿರುಚುವುದನ್ನು ಬಿಡಿಸಿದ್ದೆ. ಒಬ್ಬರನ್ನೊಬ್ಬರು “ಹ್ವಾಯ್” ಎಂದು ಕರೆಯುವುದಕ್ಕೂ ಮನೆಯಲ್ಲಿ ಅಪ್ಪಣೆ ಇರಲಿಲ್ಲ. ಆ ವರ್ಷ ಮಾವನವರು ಗದ್ದೆಯಂಚಿನಲ್ಲಿ ನಿಂತು, “ಈಗ ನೀವ್ ಕರಿನಿ ಕಾಂಬ,” ಎಂದರು. ಮಕ್ಕಳು ಕೈಕಟ್ಟಿ ನಿಂತು, ಅಳತೆ ಮಾಡಿದ ಹಾಗೆ, “ಕೂ” ಎಂದರು. ಪಕ್ಕದಲ್ಲಿದ್ದ ಕಪ್ಪೆಯೂ ಹಾರಲಿಲ್ಲ.

ಮಾವನವರು ನನ್ನನ್ನು ನೋಡಿದರು. “ಎಂತ ಮಾರಾಯ್ತಿ, ಬಲೀಂದ್ರನ್ನ ಕರೂದಾ, ಮಲ್ಕಂಡ್ ಮಗಿನ್ನ ತೂಗೂದಾ?”

ಮರುದಿನದಿಂದ ನಾನು ಮಧ್ಯಾಹ್ನ ಒರಗಿದಾಗಲೆಲ್ಲ ಅವರು ಮಕ್ಕಳನ್ನು ಗದ್ದೆಗೆ ಕರೆದುಕೊಂಡು ಹೋಗಿ ಕೂಗು ಕಲಿಸಿದರು. “ಒಬ್ಬ ಕೂ ಅಂದ್ರೆ, ಕೇಂಡವ ಎಲ್ಲೇ ಇರ್ಲಿ, ತಿರ್ಗಿ ಕೂ ಅನ್ಕ್.” ಇದೇ ಪಾಠ. ನನಗೆ ಗೊತ್ತಾಗಲಿಲ್ಲ ಎಂದು ಅಜ್ಜ ಮೊಮ್ಮಕ್ಕಳೆಲ್ಲ ತಿಳಿದಿದ್ದರು. ಆ ಸದ್ದಿನಲ್ಲಿ ನಿದ್ದೆ ಮಾಡಲು ನಾನೇನು ಕಲ್ಲೇ?

ಹೊಳೆ ದಾಟಿದ್ದು

ಅದರ ಮರುವರ್ಷ ಹಸಿರಿನ ಮೇಲೆ ಹಳದಿ ಗೆರೆಯ ಬಟ್ಟೆ ತೆಗೆದುಕೊಂಡೆವು. ಅಂಗಡಿಯವರು ಎದೆ ಮುಟ್ಟಿಕೊಂಡು ಹೇಳಿದ್ದರು: “ಅಮ್ಮ, ಇಂಥ ಥಾನು ಇಡೀ ತಾಲೂಕಿನಲ್ಲಿ ಇನ್ನೊಂದಿಲ್ಲ.”

ಹಬ್ಬಕ್ಕೆ ಮುಂಚೆ, ಹೊಸ ಬಟ್ಟೆ ಹಾಕಿಸಿಯೇ, ಮಕ್ಕಳನ್ನು ಬೈಂದೂರಿನ ಕಡಲಿಗೆ ಕರೆದುಕೊಂಡು ಹೋದೆ. ಕುಂದಾಪುರದಾಚೆಯ ಹೊಳೆಗೆ ಆಗಿನ್ನೂ ಸೇತುವೆ ಆಗಿರಲಿಲ್ಲ. ಬೈಂದೂರಿನ ಬಸ್ಸು ಬಡಗು ದಡದಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ದೋಣಿಯಲ್ಲಿ ದಾಟಿ ಈಚೆಗೆ ಬರಬೇಕು.

ಸಂಜೆ ನಾವು ಬಸ್ಸಿನಿಂದ ಇಳಿಯುವ ಹೊತ್ತಿಗೆ, ಅದೇ ಬಸ್ಸು ಹತ್ತಲು ಬಂದವರು ದೋಣಿಯಿಂದ ಇಳಿಯುತ್ತಿದ್ದರು. ದಡದಲ್ಲಿ ಜನವೋ ಜನ, ಗಂಟುಮೂಟೆ, ಕೋಳಿ ಬುಟ್ಟಿ. ನಾನು ಚಪ್ಪಾಳೆ ತಟ್ಟಿ “ಸಾಲು!” ಎಂದೆ. ಹಸಿರು ಹಳದಿಯೆಲ್ಲ ಬಂದು ಸೇರಿತು. ದೂರ ನಿಂತಿದ್ದ ಒಂದು ಅಂಗಿಯನ್ನು ಕೈಹಿಡಿದು ತಂದು ಸಾಲಿಗೆ ಸೇರಿಸಿದೆ. ಎಣಿಸಿದೆ, ಒಂಬತ್ತು. ದೋಣಿ ಹೊರಟಿತು.

ದೋಣಿಯಲ್ಲಿ ಮಾತಾಡಬಾರದು, ಏಳಬಾರದು ಎಂದು ನನ್ನ ಕಟ್ಟಪ್ಪಣೆ. ಬೊಂಬಾಯಿ ಹುಡುಗ ಯಾವತ್ತೂ ನೀರಿಗೆ ಕೈ ಹಾಕುವವನು, ಅಂದು ನನ್ನ ಮುಂದೆ, ನನಗೆ ಬೆನ್ನು ಹಾಕಿ, ನೆಟ್ಟಗೆ ಕೈಕಟ್ಟಿ ಕೂತಿದ್ದ. ನನ್ನ ಶ್ರಮ ಫಲಿಸಿತು ಎಂದುಕೊಂಡು ಎರಡನೆಯ ಮಗನಿಗೆ, “ನೋಡು, ನೋಡಿ ಕಲಿ,” ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಮುಚ್ಚಿಕೊಂಡ.

ಈಚೆ ದಡದಲ್ಲಿ ಯಜಮಾನರು ಕೊಡೆ ಊರಿಕೊಂಡು ಕಾಯುತ್ತಿದ್ದರು. ಮಕ್ಕಳು ಇಳಿದು ಸಾಲು ನಿಂತರು. ಅವರು ಸಾಲಿನ ನಡುವೆ ಬಗ್ಗಿ ನೋಡಿ, “ಇದು ಯಾರು?” ಎಂದು ಕೇಳಿದರು.

ತಿರುಗಿ ನೋಡಿದೆ. ಅಂಗಿ ನಮ್ಮದು. ಮುಖ ನಮ್ಮದಲ್ಲ.

“ಯಾರ ಮಗ ನೀನು?” ಎಂದೆ.

“ಬೈಂದೂರಿಗ್ ಹೋಪವ,” ಎಂದ ಹುಡುಗ.

“ಮತ್ತೆ ನಮ್ಮ ದೋಣಿಗೆ ಯಾಕೆ ಹತ್ತಿದೆ?”

“ನೀವ್ ಸಾಲ್ ಅಂದ್ರಿ. ನಿಂತೆ. ಹೆದ್ರಿಕಿ ಆಯ್ತ್.”

ಉಳಿದವರ ಕಡೆ ತಿರುಗಿದೆ. “ಗೊತ್ತಿದ್ದೂ ನೀವು ಯಾರೂ ಹೇಳಲಿಲ್ಲವೇ?”

“ದೋಣಿಯಲ್ಲಿ ಮಾತಾಡಬಾರದಲ್ಲ ಅಮ್ಮ,” ಎಂದ ನನ್ನ ಎರಡನೆಯ ಮಗ.

ಆಚೆ ದಡದಲ್ಲಿ ಬಸ್ಸಿನ ಇಂಜಿನ್ನು ಗುರುಗುಟ್ಟತೊಡಗಿತು. ನಾದಿನಿಯ ಒಬ್ಬನೇ ಮಗ ಅಲ್ಲಿ ಜನರ ನಡುವೆ ಇದ್ದಾನೋ, ಬಸ್ಸಿನಲ್ಲಿ ಇದ್ದಾನೋ, ನೀರಿನ ಹತ್ತಿರ ಹೋದನೋ! ದೋಣಿಯವನು ಕಂಬಕ್ಕೆ ಹಗ್ಗ ಸುತ್ತುತ್ತ, “ನಾನ್ ಅಲ್ಲಿಗೆ ಹೋಪುದ್ರೊಳ್ಗೆ ಬಸ್ ಹೋತ್ತ್ ಅಮ್ಮ, ಈಗ್ಳೇ ಕರಿನಿ,” ಎಂದ. ಹುಡುಗನ ಹೆಸರು ಹಿಡಿದು ಕರೆದೆ. ಕಟ್ಟಿಹಾಕಿದ್ದ ದೋಣಿಗಳನ್ನೂ ನನ್ನ ಸ್ವರ ದಾಟಲಿಲ್ಲ. ಯಜಮಾನರು ಕರೆದರು. ಕೋರ್ಟಿನಲ್ಲಿ ವಾದಿಸುವ ಸ್ವರ, ನ್ಯಾಯಾಧೀಶರವರೆಗೆ ಮಾತ್ರ ಮುಟ್ಟುವಂಥದ್ದು.

ಬಸ್ಸು ಹಿಂದಕ್ಕೆ ತಿರುಗಿತು.

ನಾನು ಕೈಚೀಲ ಕೆಳಗಿಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದು, ಹೊಟ್ಟೆಯ ಒಳಗಿನಿಂದ “ಕೂ...” ಎಂದೆ.

ಹೊಳೆಯ ಮೇಲಿನ ಕೊಕ್ಕರೆಗಳೆಲ್ಲ ಎದ್ದವು. ನನ್ನ ಪಕ್ಕದಲ್ಲಿದ್ದ ಎಂಟು ಮಕ್ಕಳೂ “ಕೂ...” ಎಂದರು. ಆ ಅಪರಿಚಿತ ಹುಡುಗನೂ ಎಂದ. ಆಮೇಲೆ, ಆಚೆ ದಡದ ಬಸ್ಸಿನ ಕಿಟಕಿಯಿಂದ ಒಂದು ಹಸಿರು ತೋಳು ಹೊರಗೆ ಬಂತು. ಅದರ ಹಿಂದೆಯೇ, ಮಾವನವರು ಕಲಿಸಿದ ಹಾಗೆ ಉದ್ದಕ್ಕೆ, ಸ್ಪಷ್ಟವಾಗಿ, “ಕೂ...”

ಬಸ್ಸು ನಿಂತಿತು.

ಎಂಟು ಮಕ್ಕಳನ್ನು ಯಜಮಾನರಿಗೆ ಒಪ್ಪಿಸಿ, ಒಂಬತ್ತನೆಯವನನ್ನು ಕರೆದುಕೊಂಡು ಮತ್ತೆ ಹೊಳೆ ದಾಟಿದೆ. ದಡದಲ್ಲಿ ಒಬ್ಬ ಅಜ್ಜಿ ನಮ್ಮ ಹುಡುಗನ ಕಿವಿ ಹಿಡಿದುಕೊಂಡೇ ನಿಂತಿದ್ದರು. ಇವನು ಇಂಜಿನ್ನು ನೋಡುತ್ತ ನಿಂತಾಗ ಅಂಗಿ ಕಂಡು ಎಳೆದು ಬಸ್ಸಿಗೆ ಹತ್ತಿಸಿದ್ದು ಅವರೇ. ಅವರ ಮೊಮ್ಮಗ ಓಡಿಹೋಗಿ ಅವರ ಕಾಲು ತಬ್ಬಿಕೊಂಡ. ಅಜ್ಜಿ ಒಮ್ಮೆ ಅವನನ್ನು, ಒಮ್ಮೆ ಇವನನ್ನು ನೋಡಿ, ಎದೆಯ ಮೇಲೆ ಕೈ ಇಟ್ಟುಕೊಂಡರು.

“ಬದ್ಕ್‌ದೆ ಮಗಾ! ನಮ್ಮ್ ಮಾಣಿಗೆ ಎಂತದೋ ಗಾಳಿ ಸೋಕಿತ್ ಅಂದ್ಕಂಡೆ. ಬಸ್ ಹತ್ತ್ಸಿದ್ದೇ ಸೈ, ಹಿಂದಿ ಮಾತಾಡೂಕ್ ಶುರು ಮಾಡ್ತ್!”

ಮನೆಯಲ್ಲಿ ಅತ್ತೆ ದೀಪ ತರಿಸಿ, ಒಬ್ಬೊಬ್ಬರ ಗಲ್ಲ ಎತ್ತಿ ಮುಖ ನೋಡಿದರು. ಬೊಂಬಾಯಿ ಹುಡುಗನ ಗಲ್ಲವನ್ನು ಎರಡು ಸಲ ಎತ್ತಿದರು. ನಾನು ತೀರ್ಪಿಗೆ ಕಾಯುತ್ತ ನಿಂತಿದ್ದೆ.

“ಒಂಬತ್ತೂ ನಮ್ದೇ,” ಎಂದರು ಕೊನೆಗೆ. “ತಿರ್ಗಾಟ ನಿಲ್ಸೂದ್ ಬ್ಯಾಡ. ಆ ಒಂದೇ ಬಟ್ಟೆ ನಿಲ್ಸ್.”

ಪಾಡ್ಯದ ಸಂಜೆ ಗದ್ದೆಯಂಚಿನಲ್ಲಿ ದೀಪವಿಟ್ಟಾಯಿತು. ಮಾವನವರು ಕರೆಯಲಿಲ್ಲ. ಪಕ್ಕಕ್ಕೆ ಸರಿದು ನಿಂತು ನನ್ನನ್ನು ನೋಡಿದರು. “ಹೊಳಿ ದಾಟೂ ಕೂಗ್ ಮನ್ಯಲ್ಲೇ ಇಪ್ಪಾಗ ನನ್ನದ್ ಎಂತಕ್ಕೆ?”

ಹಿರಿಯರ ಮಾತನ್ನು ಮೀರುವುದು ನನ್ನ ಪದ್ಧತಿಯಲ್ಲ. ಒಂದೇ ಒಂದು ಸಲ, ನೆಟ್ಟಗೆ ನಿಂತು, “ಕೂ...” ಎಂದೆ.

ಓಗೊಡಬೇಕಾದ ಆಚೆ ಗದ್ದೆಯ ಕತ್ತಲಿನಿಂದ ಒಂದು ಸ್ವರ ಗಾಬರಿಯಲ್ಲಿ ಕೇಳಿತು:

“ಹ್ವಾಯ್ ಅಮ್ಮಾ, ಇವತ್ತ್ ಯಾವ್ ಮಗು ಕಳ್ದದ್?”