ಬೀರಾನರ ಕಫೀಲ್

ಕಾಪುವಿನ ಬೀರಾನ್ ತೀರಿಕೊಂಡರು. ಮಂಗಳವಾರ ಬೆಳಿಗ್ಗೆ, ಮಣಿಪಾಲದ ಆಸ್ಪತ್ರೆಯಲ್ಲಿ, ಹೃದಯದ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಾಗ. ಅರವತ್ತಾರು ವರ್ಷ ಆಗಿತ್ತು. ಅದೇ ಸಂಜೆ ಮಸೀದಿಯ ಹಿಂದೆ ದಫನ ಮಾಡಿದರು.

ಅವರ ಬಾಲ್ಯದ ಗೆಳೆಯ, ಶಂಕರಪುರದ ಸಿರಿಲ್ ಮಾಸ್ಟ್ರು, ಮೂರು ಹಿಡಿ ಮಣ್ಣು ಹಾಕಿ ಮನೆಗೆ ಬಂದು ಜಗಲಿಯಲ್ಲಿ ಕುಳಿತರು. ಹೆಂಡತಿ ಕ್ಲಾರಾ ಚಹಾ ತಂದಿಟ್ಟು ಒಳಗೆ ಹೋದರು. ಅಳು ಬರುತ್ತದೆಂದು ಮಾಸ್ಟ್ರು ಕಾದರು. ಆದರೆ ಗೋಡೆಯ ಮೇಲಿದ್ದ ಹಳೆಯ ಕ್ಯಾಲೆಂಡರಿನ ಅಂಚು ಕಣ್ಣಿಗೆ ಬಿದ್ದು, ಬಂದದ್ದು ನಗು. ಆ ಅಂಚಿನಲ್ಲಿ ಬೀರಾನರ ಏಳು ಸಹಿಗಳಿದ್ದವು. ಏಳೂ ಬೇರೆ ಬೇರೆ. ಕಾರ್ಕಳದ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದ ಮಾಸ್ಟ್ರಿಗೂ ಅವುಗಳಲ್ಲಿ ಒಂದನ್ನಾದರೂ ಓದಲು ಆಗಿರಲಿಲ್ಲ.

ಆ ಸಹಿಗಳಿಗೆ ಒಂದು ಚರಿತ್ರೆ ಉಂಟು.

ಬೀರಾನ್ ಮೂವತ್ತೊಂದು ವರ್ಷ ಶಾರ್ಜಾದ ಒಂದು ಕಿರಾಣಿ ಅಂಗಡಿಯಲ್ಲಿ ದುಡಿದವರು. ಅಲ್ಲಿ ಇರಬೇಕಾದರೆ ಒಬ್ಬ ಕಫೀಲ್ ಬೇಕು. ವೀಸಾ ಅವನ ಹೆಸರಿನ ಮೇಲೆ ನಿಲ್ಲುತ್ತದೆ. ಊರಿಗೆ ಹೊರಡಬೇಕಾದರೆ ಅವನನ್ನು ಕೇಳಬೇಕು. ಬೀರಾನರ ಕಫೀಲ್ ಕೆಟ್ಟವನೇನಲ್ಲ. ಹಬ್ಬಕ್ಕೆ ಖರ್ಜೂರ ಕೊಡುತ್ತಿದ್ದ, ಜ್ವರ ಬಂದರೆ ವಿಚಾರಿಸುತ್ತಿದ್ದ. ಆದರೆ ಕೆಲಸದವರ ಪಾಸ್‌ಪೋರ್ಟುಗಳನ್ನು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕುವುದು ಅವನ ಪದ್ಧತಿ. ಬೀರಾನರ ತಾಯಿ ತೀರಿಕೊಂಡ ವಾರ ಅವನು ಗಿಡುಗ ಹಿಡಿದುಕೊಂಡು ಬೇಟೆಗೆ ಹೋಗಿದ್ದ, ಕೀಲಿಕೈ ಅವನ ಜೇಬಿನಲ್ಲಿತ್ತು. ಅವನು ಮರಳಿ ಬರುವಾಗ ಕಬರಿನ ಮಣ್ಣು ಒಣಗಿತ್ತು. ದಫನದ ದಿನ ಬೀರಾನರ ಬದಲಿಗೆ ಕಬರಿನ ಬಳಿ ನಿಂತವರು ಸಿರಿಲ್.

ಹಾಗಾಗಿ, ಅರವತ್ತೊಂದಕ್ಕೆ ವೀಸಾ ರದ್ದು ಮಾಡಿಸಿಕೊಂಡು ಊರಿಗೆ ಬಂದ ಬೀರಾನ್, ನಾಲ್ಕನೇ ತಿಂಗಳಲ್ಲಿ ತಾನು ಶಾರ್ಜಾದಲ್ಲಿ ಕಂಪನಿ ತೆರೆಯುತ್ತೇನೆಂದು ಘೋಷಿಸಿದರು. ಕಂಪನಿಯ ಮಾಲಕನಿಗೆ ತನ್ನದೇ ವೀಸಾ. ಬೇರೆ ಕಫೀಲ್ ಬೇಡ. ಹೆಂಡತಿ ಸೌದಾ ಮಲ್ಲಿಗೆ ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ. (ಕ್ಲಾರಾರ ಹಿತ್ತಿಲಿನ ಮೊಗ್ಗು ದಿನಾ ಬೆಳಿಗ್ಗೆ ಸೌದಾರ ಮನೆಗೆ ಬಂದು, ಬಾಳೆನಾರಿನಲ್ಲಿ ಸೇರಿ, ಅಟ್ಟೆ ಎಂಬ ಹೂವಿನ ಕಂತೆಯಾಗಿ ಹೂ ಮಾರುವ ಕಟ್ಟೆಗೆ ಹೋಗುತ್ತಿತ್ತು.)

“ಮೂವತ್ತೊಂದು ವರ್ಷ ಅಲ್ಲಿ ಇದ್ದದ್ದು ಸಾಕಾಗಲಿಲ್ಲವಾ?”

“ಅದು ಅವನ ವೀಸಾದಲ್ಲಿ. ಇದು ನನ್ನದರಲ್ಲಿ.”

“ಅಲ್ಲಿ ಹೋಗಿ ಎಂತ ಮಾಡುವುದು ನೀವು?”

“ಎಂತದ್ದೂ ಇಲ್ಲ. ಆರು ತಿಂಗಳಿಗೊಮ್ಮೆ ಹೋಗುವುದು, ಬರುವುದು.”

“ಹೋಗುವುದು ಎಂತಕ್ಕೆ?”

“ಯಾರನ್ನೂ ಕೇಳದೆ ವಾಪಸ್ ಬರಲಿಕ್ಕೆ.”

ಸೌದಾ ನಾರನ್ನು ಹಲ್ಲಿನಿಂದ ಕಡಿದು, ಹಾಗಾದರೆ ಮೊದಲು ಕಾಪು ಪೇಟೆಗೆ ಹೋಗಿ ಯಾರನ್ನೂ ಕೇಳದೆ ಮೀನು ತೆಗೆದುಕೊಂಡು ಬನ್ನಿ, ದಿನಾ ಯಾವ ಮೀನು ಅಂತ ನಾಲ್ಕು ಸಲ ಫೋನ್ ಮಾಡುವವರು ನೀವು, ಎಂದರು. ಮಹಾಪುರುಷರ ಆರಂಭದ ದಿನಗಳಲ್ಲಿ ಮನೆಯವರು ಹೀಗೇ ಮಾತಾಡುವುದು ಎಂದು ಬೀರಾನ್ ಸಮಾಧಾನ ಮಾಡಿಕೊಂಡರು.

ಕಂಪನಿಗೆ ಬೇಕಾದದ್ದನ್ನೆಲ್ಲ ಅವರು ಒಂದೇ ತಿಂಗಳಲ್ಲಿ ಸಿದ್ಧಪಡಿಸಿದರು. ಹೆಸರು: ಲೈಟ್‌ಹೌಸ್ ಟ್ರೇಡಿಂಗ್. ಪದವಿ: ಮ್ಯಾನೇಜಿಂಗ್ ಡೈರೆಕ್ಟರ್. ಉಡುಪಿಯಿಂದ ಒಂದು ಬಂಗಾರದ ಬಣ್ಣದ ಶಾಯಿ ಪೆನ್ನು. ಬನ್ನಂಜೆಯ ದರ್ಜಿಯಿಂದ ಒಂದು ಸೂಟು. ಇನ್ನು ಉಳಿದದ್ದು ಸಹಿ. ಮೊದಲಿನ ಸಹಿ ಸಂಬಳದ ಪುಸ್ತಕದಲ್ಲಿ ಗೀಚುತ್ತಿದ್ದ ಮೂರಕ್ಷರದ್ದು. ಅದು ಕೆಲಸದವನ ಸಹಿ, ಮಾಲಕನಿಗೆ ಒಗ್ಗುವುದಿಲ್ಲ. ಆದ್ದರಿಂದ ಸಿರಿಲ್ ಮಾಸ್ಟ್ರ ಜಗಲಿಯಲ್ಲಿ ಕುಳಿತು ಹೊಸದೊಂದನ್ನು ಸೃಷ್ಟಿಸಿದರು. ಅದು ಹಾಯಿದೋಣಿಯಂತೆ ಮೇಲೆದ್ದು, ಮೂರು ಅಲೆ ದಾಟಿ, ಕೆಳಗಿನಿಂದ ಸುತ್ತು ಹಾಕಿ ಬಂದು, ತನ್ನ ಬಾಲವನ್ನು ತಾನೇ ಕಡಿದು, ಎರಡು ಚುಕ್ಕೆಯಲ್ಲಿ ವಿರಮಿಸುತ್ತಿತ್ತು. ಬರೆದಾದ ಮೇಲೆ ಶಾಯಿ ಒಣಗಲೆಂದು ಬೀರಾನ್ ಬಾಗಿ ಎರಡು ಸಲ ಊದುತ್ತಿದ್ದರು. ಪೇಪರಿನ ಅಂಚು, ಕರೆಂಟು ಬಿಲ್ಲು, ಯಾರದೋ ಮದುವೆಯ ಕಾಗದ, ಹೂ ಸುತ್ತುವ ಎಲೆ, ಯಾವುದನ್ನೂ ಬಿಡಲಿಲ್ಲ.

“ನಿನ್ನೆಯದಕ್ಕೂ ಇವತ್ತಿನದಕ್ಕೂ ಸಂಬಂಧ ಇಲ್ಲವಲ್ಲ ಬ್ಯಾರಿ,” ಎಂದರು ಸಿರಿಲ್.

“ದೊಡ್ಡವರ ಸಹಿ ಹಾಗೇ ಮಾರಾಯ, ಹರಿಯುತ್ತಾ ಇರ್ತದೆ,” ಎಂದರು ಬೀರಾನ್. ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಪಾಸ್‌ಪೋರ್ಟ್ ನವೀಕರಿಸುವ ಸಮಯ ಬಂದಿತ್ತು. ಆ ಹೊಸ ಸಹಿಯನ್ನೇ ಅದರಲ್ಲಿಯೂ ಹಾಕಿದರು.

ಶಾರ್ಜಾದಲ್ಲಿದ್ದ ಅಳಿಯ ಜಾಬಿರ್ ಕಾಗದಪತ್ರ ಮಾಡಿಸುವವನು. ಅವನು ಫೋನಿನಲ್ಲಿ ಎಲ್ಲವನ್ನೂ ಕೇಳಿಕೊಂಡು, “ವ್ಯಾಪಾರ ಎಂತದ್ದು ಮಾಮ?” ಎಂದ.

ಬೀರಾನ್ ಪೆನ್ನಿನ ಮುಚ್ಚಳ ಹಾಕಿದರು. “ವ್ಯಾಪಾರ ಕೂಡ ಬೇಕಾ?”

ಸೌದಾ ಕೂತಲ್ಲಿಂದಲೇ ಹೇಳಿದರು, “ಮಲ್ಲಿಗೆ ಅಂತ ಬರೆಯಲಿಕ್ಕೆ ಹೇಳಿ. ಅಲ್ಲಿಯೂ ಮದುವೆ ಆಗ್ತದೆ ಅಲ್ವಾ?”

ಹೀಗೆ ಲೈಟ್‌ಹೌಸ್ ಟ್ರೇಡಿಂಗ್ ಹೂವಿನ ಕಂಪನಿಯಾಯಿತು. ದಂಪತಿ ಸಂದರ್ಶಕರ ವೀಸಾದಲ್ಲಿ ಹೊರಟರು. ಸೌದಾ ಹೋದದ್ದು ಗಂಡನ ಬಿ.ಪಿ. ಮಾತ್ರೆ ಹೊತ್ತುಕೊಂಡು, ಕಂಪನಿಗೂ ಅವರಿಗೂ ಅಷ್ಟೇ ಸಂಬಂಧವೆಂದು ಬೀರಾನ್ ವಿಮಾನದಲ್ಲಿ ಎರಡು ಸಲ ಸ್ಪಷ್ಟಪಡಿಸಿದರು.

ಕಂಪನಿಯ ಖಾತೆ ತೆರೆಯಲು ಬ್ಯಾಂಕಿನಲ್ಲಿ ಮೂರು ಕಡೆ ಸಹಿ ಬೇಕಾಗಿತ್ತು. ಬೀರಾನ್ ಸೂಟಿನ ಗುಂಡಿ ಹಾಕಿ, ಪೆನ್ನಿನ ಮುಚ್ಚಳ ತೆಗೆದು ಮೊದಲನೆಯದನ್ನು ಹಾಕಿದರು. ದೋಣಿ ಚೆನ್ನಾಗಿಯೇ ಎದ್ದಿತು. ಎರಡನೆಯದರಲ್ಲಿ ಅಲೆ ನಾಲ್ಕಾದವು. ಮೂರನೆಯದು ಮಗುಚಿತು. ಮೇಜಿನಾಚೆಯ ಹುಡುಗಿ ಪಾಸ್‌ಪೋರ್ಟನ್ನೂ ಕಾಗದವನ್ನೂ ಪಕ್ಕಪಕ್ಕ ಇಟ್ಟು, ಬಹಳ ಮರ್ಯಾದೆಯಿಂದ, ಇನ್ನೊಮ್ಮೆ ಎಂದಳು. ಇನ್ನೊಮ್ಮೆ. ಮರುದಿನ ಬನ್ನಿ. ಮರುದಿನ ಬೀರಾನ್ ಕೋಳಿ ಕೆದರಿದಂತೆ ಒಂಬತ್ತು ಸಹಿ ಹಾಕಿ ಒಂಬತ್ತರ ಮೇಲೂ ಊದಿದರು. ಮೂರು ಸಹಿ ಒಂದೇ ತೆರ ಬಾರದೆ ಖಾತೆ ಇಲ್ಲ, ಖಾತೆ ಇಲ್ಲದೆ ಮುಂದಿನ ಯಾವುದೂ ಇಲ್ಲ ಎಂದರು ಬ್ಯಾಂಕಿನವರು. ವಾಪಸ್ ಟಿಕೆಟ್ಟಿಗೆ ಮೂರೇ ದಿನ ಉಳಿದಿತ್ತು.

ಜಾಬಿರ್ ಬೆವರು ಒರೆಸಿಕೊಂಡು, “ಮಾಮಿ, ನಿಮ್ಮ ಸಹಿ ಒಮ್ಮೆ ಹಾಕಿ ನೋಡುವ,” ಎಂದ.

ಸೌದಾ ಕಾಪು ಶಾಲೆಯಲ್ಲಿ ಐದನೆಯವರೆಗೆ ಓದಿದವರು. ಚಿನ್ನದಂಗಡಿಯವರು ಪುಕ್ಕಟೆ ಕೊಟ್ಟ ಬಾಲ್‌ಪೆನ್ನನ್ನು ಚೀಲದಿಂದ ತೆಗೆದು, ನಾಲಗೆಯ ತುದಿ ಕಚ್ಚಿ, ಕನ್ನಡದಲ್ಲಿ ‘ಸೌದಾ’ ಎಂದು ಬರೆದರು. ಮತ್ತೆ ‘ಸೌದಾ’. ಮತ್ತೆ ‘ಸೌದಾ’. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಹುಡುಗಿ ಎದ್ದು ನಿಂತು ಅವರ ಕೈ ಕುಲುಕಿದಳು.

ಕಂಪನಿ ಸೌದಾರ ಹೆಸರಿಗೆ ಆಯಿತು. ಮಾಲಕಿಯ ವೀಸಾ ಸೌದಾರಿಗೆ. ಬೀರಾನರಿಗೂ ಒಂದು ಸಿಕ್ಕಿತು: ಮಾಲಕಿಯ ಅವಲಂಬಿತ ಗಂಡ ಎಂಬುದು. ಕಾರ್ಡು ಕೊಡುವಾಗ ಜಾಬಿರ್ ಅತ್ತ ತಿರುಗಿ ನಿಂತಿದ್ದ.

“ಇದರಲ್ಲಿ ನನ್ನ ಕಫೀಲ್ ಯಾರು?”

“ಮಾಮಿ.”

ಆಗ ಸೌದಾ ಕೈ ಚಾಚಿ ಹೇಳಿದ ಮಾತನ್ನು ಮುಂದೆ ಇಡೀ ಕಾಪು ಹೇಳಿಕೊಂಡು ನಗಾಡಿತು: “ಪಾಸ್‌ಪೋರ್ಟ್ ಕೊಡಿ. ಕಪಾಟಿನಲ್ಲಿ ಇಡ್ತೇನೆ.”

ಕಾಪುವಿಗೆ ಗೊತ್ತಿಲ್ಲದ್ದನ್ನು ಬೀರಾನ್ ಸಿರಿಲ್‌ಗೆ ಮಾತ್ರ ಹೇಳಿದ್ದರು. ಊರಿಗೆ ಬಂದ ಮೇಲೆ ಸೌದಾ ನಿಜವಾಗಿಯೂ ಪಾಸ್‌ಪೋರ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹಾಕಿ, ಕೀಲಿಕೈಯನ್ನು ಕಪ್ಪು ದಾರದಲ್ಲಿ ಕಟ್ಟಿ ಗಂಡನ ಕೊರಳಿಗೆ ಹಾಕಿದರು.

ಆದರೂ ಬೀರಾನ್ ಎರಡು ವರ್ಷ ಆ ಕಾರ್ಡನ್ನು ಯಾರಿಗೂ ತೋರಿಸಲಿಲ್ಲ. ಪೇಟೆಯಲ್ಲಿ ಕೇಳಿದವರಿಗೆ ತಾನು ಕಂಪನಿಯ ಸಲಹೆಗಾರ ಎಂದರು. ಸೌದಾರ ಮಲ್ಲಿಗೆ ಮಾತ್ರ ದಿನಾ ಮಂಗಳೂರಿನಿಂದ ವಿಮಾನ ಹತ್ತಿತು. ಕ್ಲಾರಾರ ಹಿತ್ತಿಲು ಸಾಲದೆ ಸುತ್ತಲಿನ ಹನ್ನೆರಡು ಮನೆಗಳ ಹೂ ಸೇರಿತು. ಸಲಹೆಗಾರರ ಕೆಲಸ ಆ ಹೂವನ್ನು ಬೈಕಿನಲ್ಲಿ ತರುವುದು.

ಮೂರನೆಯ ವರ್ಷ, ದಂಪತಿ ಶಾರ್ಜಾದಲ್ಲಿದ್ದಾಗ, ಸಿರಿಲ್ ಮಾಸ್ಟ್ರು ಬಚ್ಚಲಿನಲ್ಲಿ ಕುಸಿದು ಬಿದ್ದರು. ಮಣಿಪಾಲದಲ್ಲಿ ಮರುದಿನ ಮಧ್ಯಾಹ್ನ ಕಣ್ಣು ಬಿಟ್ಟಾಗ ಎದುರಿನ ಸ್ಟೂಲಿನ ಮೇಲೆ ಬೀರಾನ್ ಕುಳಿತಿದ್ದರು, ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡು.

“ಹೇಗೆ ಬಂದೆ?” ಎಂದರು ಸಿರಿಲ್.

“ಕಫೀಲ್ ಹತ್ತಿರ ರಜೆ ಕೇಳಲಿಕ್ಕೆ ಬಾಯಿ ತೆಗೆದೆ. ಮುಚ್ಚುವುದರ ಒಳಗೆ ಟಿಕೆಟ್ ಕೈಯಲ್ಲಿ ಉಂಟು. ಅರ್ಧ ನಿಮಿಷ ಮಾರಾಯ.” ಬೀರಾನ್ ಜೇಬಿನಿಂದ ಆ ಕಾರ್ಡು ತೆಗೆದರು. “ಮೂವತ್ತೊಂದು ವರ್ಷದಲ್ಲಿ ಇಂಥ ಕಫೀಲ್ ನನಗೆ ಸಿಕ್ಕಿರಲಿಲ್ಲ.”

ಅಂದಿನಿಂದ ಆ ಕಾರ್ಡಿಗೆ ವಿಶ್ರಾಂತಿ ಇಲ್ಲದಾಯಿತು. ಮೊದಲು ಅದೇ ವಾರ್ಡಿನ ನರ್ಸುಗಳು ನೋಡಿದರು, ಆಮೇಲೆ ಔಷಧದ ಅಂಗಡಿಯವನು, ಕಾರ್ಕಳದ ಬಸ್ಸಿನ ಕಂಡಕ್ಟರ್, ಮೀನಿನ ಹೆಂಗಸರು. ‘ಕಫೀಲ್’ ಎಂಬಲ್ಲಿ ಬೆರಳಿಟ್ಟು ಬೀರಾನ್ ಸೌದಾರ ಪೂರ್ತಿ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು. ಪೇಟೆಗೆ ಹೋಗಬೇಕಾದರೂ ಬಾಗಿಲಲ್ಲಿ ನಿಂತು, “ಮೇಡಂ, ಒಂದು ಗಂಟೆ ರಜೆ ಬೇಕಿತ್ತು,” ಎನ್ನುತ್ತಿದ್ದರು. “ಬಂಗುಡೆ ತಂದರೆ ಮಂಜೂರು,” ಎಂಬ ಉತ್ತರ ಒಳಗಿನಿಂದ ಬರುತ್ತಿತ್ತು. ಇದನ್ನೆಲ್ಲ ನೋಡಿ ಮನಸಾರೆ ನಕ್ಕವರು ಸಿರಿಲ್ ಮಾಸ್ಟ್ರು. ಹನ್ನೆರಡು ಮನೆಗಳ ಹೂವಿಗೆ ಕ್ಲಾರಾರನ್ನು ಮೇಲ್ವಿಚಾರಕಿಯಾಗಿ ನೇಮಿಸಿದ ಕಾಗದ, ಅದರ ಕೆಳಗೆ ‘ಸೌದಾ’ ಎಂಬ ಸಹಿ, ಒಂದು ದಿನ ಅವರ ಮನೆಗೂ ಬಂತು. ಆ ನಂತರ ಮುಂಜಾವ ಐದಕ್ಕೆ ಎದ್ದು ಮೊಗ್ಗು ಕೊಯ್ಯುವ ನೌಕರ ಯಾರೆಂದು ಹೇಳಬೇಕಾಗಿಲ್ಲ. ಇವತ್ತು ಸಂಜೆ ಗೆಳೆಯನಿಗೆ ಮಣ್ಣು ಹಾಕಿದ ಬೆರಳುಗಳಲ್ಲಿ ಇನ್ನೂ ಬೆಳಗಿನ ಮಲ್ಲಿಗೆಯ ವಾಸನೆ ಇತ್ತು.

ಚಹಾ ಆರಿ ಹೋಗಿತ್ತು. ಬೆಳಗಿನದು ನೆನಪಾಯಿತು. ಆಸ್ಪತ್ರೆಯಲ್ಲಿ ಸಿರಿಲ್ ಗೆಳೆಯನ ಮಂಚದ ಪಕ್ಕ ನಿಂತಿದ್ದರು. ಶಸ್ತ್ರಚಿಕಿತ್ಸೆಗೆ ಒಯ್ಯುವ ಮೊದಲು ನರ್ಸ್ ಒಪ್ಪಿಗೆಯ ಕಾಗದ ತಂದು, ಇಲ್ಲಿ ಸಹಿ ಮಾಡಿ ಎಂದು ಬೀರಾನರ ಕೈಗೇ ಕೊಟ್ಟಳು.

“ನನ್ನ ಸಹಿ ಬ್ಯಾಂಕಿನವರಿಗೇ ಆಗಲಿಲ್ಲ ಮಗಾ,” ಎಂದರು ಬೀರಾನ್. “ನನ್ನ ಕಫೀಲ್ ಇಲ್ಲೇ ಇದ್ದಾರೆ.”

ಕೊರಳಿನಿಂದ ಕೀಲಿಕೈಯ ದಾರ ತೆಗೆದು ಸೌದಾರ ಕೈಗೆ ಕೊಟ್ಟರು. ಬಂಗಾರದ ಪೆನ್ನನ್ನು ಆ ತನಕ ಬೇರೆ ಯಾರಿಗೂ ಮುಟ್ಟಲು ಬಿಟ್ಟವರಲ್ಲ. ದಿಂಬಿನಡಿಯಿಂದ ಅದನ್ನು ತೆಗೆದು, ಮುಚ್ಚಳ ಬಿಚ್ಚಿ, ಅದನ್ನೂ ಕೊಟ್ಟರು. ಸೌದಾ ನಾಲಗೆಯ ತುದಿ ಕಚ್ಚಿ ಬರೆದರು, ಪ್ರತಿ ಸಲದಂತೆ ಅದೇ ಎರಡಕ್ಷರ. ನರ್ಸ್ ಕಾಗದ ಎತ್ತಿಕೊಳ್ಳಲು ಹೋದಾಗ ಬೀರಾನ್ ಕೈ ಅಡ್ಡ ಹಿಡಿದರು. ಮೊಣಕೈ ಊರಿ ಸ್ವಲ್ಪ ಎದ್ದು, ಹೆಂಡತಿಯ ಹೆಸರಿನ ಮೇಲೆ ಬಾಗಿ, ಶಾಯಿ ಒಣಗಲೆಂದು ಎರಡು ಸಲ ಊದಿದರು.